ಐದನೇ ತರಗತಿಗೆ ಬರೆದ ಮೂರು ವಾಕ್ಯಗಳು

ಮದುವೆಯ ವಿಷಯ ಸಣ್ಣ ಮಕ್ಕಳ ಕಿವಿಗೆ ಬೀಳಬಾರದು ಎನ್ನುವವರು ನಮ್ಮ ಶಾಲೆಗೆ ಒಮ್ಮೆ ಬರಬೇಕು. ಬಾಲ್ಯವಿವಾಹದ ವಿರುದ್ಧ ಪ್ರತಿಜ್ಞೆ ಮಾಡಿಸುವ ದಿನ ಒಂದನೇ ತರಗತಿಯ ಮಕ್ಕಳೂ ಪ್ರಾರ್ಥನೆಯ ಸಾಲಿನಲ್ಲಿ ನಿಂತು, ಬಲಗೈ ಮುಂದೆ ಚಾಚಿ, ಗಟ್ಟಿಯಾಗಿ ಹೇಳುತ್ತಾರೆ. ಹುಡುಗಿಗೆ 18, ಹುಡುಗನಿಗೆ 21 ಎಂಬುದು ಎಷ್ಟೋ ಮಕ್ಕಳಿಗೆ ಮಗ್ಗಿಗಿಂತ ಮೊದಲೇ ಬಾಯಿಪಾಠವಾಗಿರುತ್ತದೆ. ಬಸವ ಜಯಂತಿಯಂದು ನಾನೇ ಹರಳಯ್ಯ ಮತ್ತು ಮಧುವರಸರ ಕಥೆ ಹೇಳುತ್ತೇನೆ. ಪಾದರಕ್ಷೆ ಮಾಡುವ ಹರಳಯ್ಯನ ಮಗನಿಗೂ ಬ್ರಾಹ್ಮಣನಾಗಿ ಹುಟ್ಟಿದ ಮಧುವರಸನ ಮಗಳಿಗೂ ಕಲ್ಯಾಣದಲ್ಲಿ ಮದುವೆಯಾಯಿತು, ಅದಕ್ಕಾಗಿ ಆ ಇಬ್ಬರು ತಂದೆಯರಿಗೆ ಆನೆಯ ಕಾಲಿಗೆ ಕಟ್ಟಿ ಎಳೆಸುವ ಎಳೆಹೂಟೆಯ ಶಿಕ್ಷೆಯಾಯಿತು ಎಂದು ಹೇಳುವಾಗ ತರಗತಿಯಲ್ಲಿ ಒಂದು ಮಗುವೂ ಅಲುಗಾಡುವುದಿಲ್ಲ. ಇದು ಈ ವಯಸ್ಸಿಗೆ ಭಾರವಾಯಿತು ಎಂದು ಯಾವ ಪಾಲಕರೂ ನನ್ನ ಬಳಿ ಬಂದು ಹೇಳಿಲ್ಲ. ಯಾರು ಯಾರನ್ನು ಯಾವಾಗ ಮದುವೆಯಾಗಬಹುದು, ಆಗಬಾರದು, ಆದರೆ ಊರು ಏನು ಮಾಡುತ್ತದೆ ಎಂಬುದನ್ನೆಲ್ಲ ನಾವು ಈಗಾಗಲೇ ಕಲಿಸುತ್ತಿದ್ದೇವೆ.

ನಾನು ಧಾರವಾಡದ ಅಂಚಿನಲ್ಲಿರುವ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ. ಈಚೆಗೆ ನಡೆದ ಪಾಲಕರ ಸಭೆಯಲ್ಲಿ ಬಿಸಿಯೂಟ, ಶೂ, ಸಮವಸ್ತ್ರದ ಚರ್ಚೆ ಮುಗಿದ ಮೇಲೆ, ಟಂಟಂ ಆಟೋ ಓಡಿಸುವ ತಂದೆಯೊಬ್ಬರು ಎದ್ದು ನಿಂತರು. ಒಳ್ಳೆಯ ಮನುಷ್ಯ. ಶಾಲೆಯ ನೀರಿನ ತೊಟ್ಟಿಯ ನಲ್ಲಿ ಕೆಟ್ಟಾಗ ಯಾರೂ ಕರೆಯದೆ ಬಂದು ಕೈಯಾರೆ ಸರಿಮಾಡಿಕೊಟ್ಟವರು. ಮೊಬೈಲ್‌ನಲ್ಲಿ ಬಂದ ಒಂದು ಸಂದೇಶವನ್ನು ತೋರಿಸಿ, “ಟೀಚರ್, ಅಮೆರಿಕದಲ್ಲಿ ಗಂಡು ಗಂಡನ್ನೇ ಮದುವೆಯಾಗುವ ಕಥೆಯನ್ನು ಸಣ್ಣ ಮಕ್ಕಳಿಗೆ ಓದಿಸುತ್ತಾರಂತೆ. ನಾಳೆ ನಮ್ಮ ಪುಸ್ತಕಕ್ಕೂ ಅದು ಬಂದರೆ ನಾನು ಮಗಳನ್ನು ಶಾಲೆ ಬಿಡಿಸುತ್ತೇನೆ” ಎಂದರು. ಬಿಡಿಸುತ್ತೇನೆ ಎಂಬ ಮಾತಿಗೆ ನನ್ನ ಎದೆ ಧಸಕ್ಕೆಂದಿತು. ನಮ್ಮ ಕಡೆ ಶಾಲೆ ಬಿಟ್ಟ ಹುಡುಗಿಗೆ ಗಂಡು ಹುಡುಕಲು ಯಾರೂ 18 ಆಗುವವರೆಗೆ ಕಾಯುವುದಿಲ್ಲ.

ಸಂದೇಶದಲ್ಲಿ ಅರ್ಧ ಸತ್ಯವಿತ್ತು. ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಮಾಂಟ್ಗೊಮರಿ ಕೌಂಟಿಯ ಪ್ರಾಥಮಿಕ ಶಾಲೆಗಳು ಇಂಥ ಕೆಲವು ಕಥೆ ಪುಸ್ತಕಗಳನ್ನು ತರಗತಿಗೆ ತಂದವು. ಮೊದಲೇ ನಮಗೆ ತಿಳಿಸಿ, ಬೇಡವೆಂದರೆ ನಮ್ಮ ಮಕ್ಕಳನ್ನು ಹೊರಗೆ ಬಿಡಿ ಎಂದು ಮುಸ್ಲಿಮ್ ಮತ್ತು ಕ್ರೈಸ್ತ ಪಾಲಕರು ಕೋರ್ಟಿಗೆ ಹೋದರು. 2025ರ ಜೂನ್ 27ರಂದು ಅಲ್ಲಿನ ಸುಪ್ರೀಂ ಕೋರ್ಟ್ ಆರು–ಮೂರರ ಬಹುಮತದಿಂದ, ಮೊಕದ್ದಮೆ ನಡೆಯುತ್ತಿರುವವರೆಗೆ ಪಾಲಕರಿಗೆ ಆ ಅವಕಾಶ ಕೊಡಬೇಕೆಂದಿತು. ಆ ಪುಸ್ತಕಗಳಲ್ಲಿ ಒಂದರ ಕಥೆ ನನಗೆ ಗೊತ್ತು. ಪುಟ್ಟ ಹುಡುಗಿಯೊಬ್ಬಳ ಪ್ರೀತಿಯ ಕಾಕಾ ಮದುವೆಯಾಗಲು ಹೊರಟಿದ್ದಾನೆ, ಅವನು ಮದುವೆಯಾಗುವುದು ಇನ್ನೊಬ್ಬ ಗಂಡಸನ್ನು. ಹುಡುಗಿಯ ಚಿಂತೆ ಅದರದ್ದಲ್ಲ. ಮದುವೆಯಾದ ಮೇಲೆ ಕಾಕಾ ತನ್ನ ಜೊತೆ ಮೊದಲಿನಂತೆ ಆಡುತ್ತಾನೋ ಇಲ್ಲವೋ ಎಂಬುದೇ ಅವಳ ದುಃಖ. ಇದನ್ನು ಸಭೆಯಲ್ಲಿ ಹೇಳಿದಾಗ ಹಿಂದಿನ ಸಾಲಿನ ಒಬ್ಬ ತಾಯಿ, “ನಮ್ಮ ಮೈದುನನ ಮದುವೆಯಲ್ಲಿ ನನ್ನ ಮಗಳೂ ಹೀಗೇ ಅತ್ತಿದ್ದಳು” ಎಂದರು.

ಮಕ್ಕಳ ಕಾಳಜಿ ಎಲ್ಲಿರುತ್ತದೆ ಎಂಬುದು ಆ ತಾಯಿಯ ಮಾತಿನಲ್ಲಿದೆ. ಹತ್ತು ವರ್ಷದ ಮಗುವಿಗೆ ಮದುವೆ ಎಂದರೆ ಮನೆಯಲ್ಲಿ ಯಾರು ಇರುತ್ತಾರೆ, ಯಾರು ಹೋಗುತ್ತಾರೆ, ತನ್ನನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದು. ಹಾಸಿಗೆಯ ವಿಚಾರ ಹೊತ್ತು ತರುವವರು ದೊಡ್ಡವರಾದ ನಾವು.

ಆದರೂ ಪುಸ್ತಕ ತಂದು ಓದಿಸಬೇಕೆಂದು ನಾನು ಹೇಳುವುದಿಲ್ಲ. ಇಂಗ್ಲೆಂಡಿನಲ್ಲಿ 1988ರಿಂದ 2003ರವರೆಗೆ, ಸಲಿಂಗ ಸಂಬಂಧವನ್ನು ಒಪ್ಪತಕ್ಕದ್ದೆಂದು ಶಾಲೆಗಳಲ್ಲಿ ಬೋಧಿಸುವುದನ್ನು ಸ್ಥಳೀಯ ಆಡಳಿತಗಳು ಉತ್ತೇಜಿಸಬಾರದೆಂಬ ಕಾನೂನೇ ಇತ್ತು. ಅದೇ ದೇಶದಲ್ಲಿ 2020ರಿಂದ ಪ್ರಾಥಮಿಕ ಶಾಲೆಯಲ್ಲೂ ಕುಟುಂಬ ಮತ್ತು ಸಂಬಂಧಗಳ ಪಾಠ ಕಡ್ಡಾಯವಾಗಿದೆ. ಈ ಎರಡರ ನಡುವೆ ಅಲ್ಲಿ ಕಾನೂನು ಬದಲಾಯಿತು, ಶಿಕ್ಷಕರಿಗೆ ಕೈಪಿಡಿಗಳು ಬಂದವು, ಶಾಲೆಗಳ ಬಾಗಿಲಲ್ಲಿ ಜಗಳಗಳೂ ನಡೆದವು. ನಮ್ಮಲ್ಲಿ ಶಿಕ್ಷಕರ ಕೈಯಲ್ಲಿ ಏನಿದೆ? 2007ರಲ್ಲಿ ಹದಿಹರೆಯದವರ ಲೈಂಗಿಕ ಶಿಕ್ಷಣವನ್ನೇ ಬೇಡವೆಂದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. 2021ರಲ್ಲಿ ಪಠ್ಯಪುಸ್ತಕ ರೂಪಿಸುವ ಕೇಂದ್ರದ ಸಂಸ್ಥೆ ಎನ್‌ಸಿಇಆರ್‌ಟಿ, ಲಿಂಗತ್ವ ಅಲ್ಪಸಂಖ್ಯಾತ ಮಕ್ಕಳನ್ನು ಶಾಲೆಯಲ್ಲಿ ಹೇಗೆ ಒಳಗೊಳ್ಳಬೇಕೆಂದು ಶಿಕ್ಷಕರಿಗಾಗಿ ಒಂದು ಕೈಪಿಡಿ ಹೊರತಂದಿತು. ಮಕ್ಕಳ ಹಕ್ಕುಗಳ ರಾಷ್ಟ್ರೀಯ ಆಯೋಗ ಆಕ್ಷೇಪವೆತ್ತಿದ ಮೇಲೆ ಅದನ್ನು ಜಾಲತಾಣದಿಂದ ತೆಗೆದುಹಾಕಲಾಯಿತು. ಆ ಕೈಪಿಡಿ ಸಲಿಂಗ ಮದುವೆಯ ಕುರಿತದ್ದಾಗಿರಲಿಲ್ಲ, ಆದರೂ ಉಳಿಯಲಿಲ್ಲ. ತರಬೇತಿಯಿಲ್ಲದೆ ಪಾಠ ಮಾತ್ರ ಬಂದರೆ ಅದು ಬಿಟ್ಟ ಸ್ಥಳ ತುಂಬುವ ಪ್ರಶ್ನೆಯಾಗುತ್ತದೆ, ಇಲ್ಲವೇ ಮುಜುಗರಪಡುವ ಶಿಕ್ಷಕರು ಪುಟ ಮಗುಚಿ ಮುಂದೆ ಹೋಗುತ್ತಾರೆ. ಹಿಂದಿನ ಬೆಂಚಿನಲ್ಲಿ ಪಿಸುಪಿಸು ಶುರುವಾಗುವುದು ಆಗಲೇ.

ಹಾಗಾದರೆ ಮಗು ತಾನಾಗಿ ಕೇಳಿದಾಗ? ನನ್ನ ಒತ್ತಾಯ ಇರುವುದು ಇಲ್ಲಿ. ಕೇಳಿದ ಮಗುವಿಗೆ ನಿಜ ಹೇಳಬೇಕು, ಚಿಕ್ಕದಾಗಿ ಹೇಳಬೇಕು, ಮತ್ತು ಎಲ್ಲ ಶಿಕ್ಷಕರೂ ಒಂದೇ ಮಾತು ಹೇಳಬೇಕು.

ನಿಜ ಕಷ್ಟದ್ದೇನೂ ಅಲ್ಲ. 1860ರ ದಂಡ ಸಂಹಿತೆಯ 377ನೇ ಕಲಮನ್ನು ನಮ್ಮ ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು ಮೊಟಕುಗೊಳಿಸಿ, ಒಂದೇ ಲಿಂಗದ ವಯಸ್ಕರಿಬ್ಬರು ಒಪ್ಪಿ ಜೊತೆಗಿದ್ದರೆ ಅಪರಾಧವಲ್ಲ ಎಂದಿತು. 2023ರ ಅಕ್ಟೋಬರ್ 17ರಂದು ಐವರು ನ್ಯಾಯಮೂರ್ತಿಗಳ ಪೀಠ, ಮದುವೆಯಾಗುವುದು ಮೂಲಭೂತ ಹಕ್ಕಲ್ಲ, ಸಲಿಂಗ ಮದುವೆಗಾಗಿ 1954ರ ವಿಶೇಷ ವಿವಾಹ ಕಾಯ್ದೆಯನ್ನು ಕೋರ್ಟು ತಿದ್ದಲಾಗದು ಎಂದು ತೀರ್ಪು ಕೊಟ್ಟಿತು. ಮರುಪರಿಶೀಲನೆಯ ಅರ್ಜಿಗಳೂ 2025ರ ಜನವರಿಯಲ್ಲಿ ವಜಾಗೊಂಡವು. ಅದೇ ತಿಂಗಳು ಥಾಯ್ಲೆಂಡಿನಲ್ಲಿ ಇಂಥ ಮದುವೆಗಳ ನೋಂದಣಿ ಶುರುವಾಯಿತು. ಇವೆಲ್ಲ ಎಂಟನೇ ತರಗತಿಯ ಮೇಲಿನ ಮಕ್ಕಳಿಗೆ ಪೌರನೀತಿಯ ಪಾಠವಾಗಿಯೇ ಇರಬೇಕು. ಸಂವಿಧಾನ ಓದುವ ಮಗುವಿಗೆ ಈ ತೀರ್ಪುಗಳನ್ನು ಮುಚ್ಚಿಡುವುದಕ್ಕೆ ನನಗೆ ಒಂದೂ ಕಾರಣ ಕಾಣುವುದಿಲ್ಲ.

ಸಭೆಯಲ್ಲಿ ಇನ್ನೊಬ್ಬರು, “ಇದಕ್ಕೆ ನಮ್ಮ ಡಿಮ್ಹಾನ್ಸ್‌ನಲ್ಲಿ ಔಷಧ ಸಿಗುವುದಿಲ್ಲವೇ?” ಎಂದು ಕೇಳಿದರು. ಡಿಮ್ಹಾನ್ಸ್ ಎಂದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ. ಅವರ ದನಿಯಲ್ಲಿ ಹೀಗಳಿಕೆ ಇರಲಿಲ್ಲ, ಗಾಬರಿಯಿತ್ತು. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಇದನ್ನು ರೋಗಗಳ ಪಟ್ಟಿಯಿಂದ ತೆಗೆದಿದೆ ಎಂದೆ. ಗುಣಪಡಿಸುತ್ತೇನೆಂದು ಚಿಕಿತ್ಸೆ ಕೊಡುವುದು ವೈದ್ಯರ ವೃತ್ತಿಗೆ ತಕ್ಕುದಲ್ಲದ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗವೂ 2022ರಲ್ಲಿ ತಿಳಿಸಿದೆ.

ಇಷ್ಟೊಂದು ಹಟ ಏಕೆ ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ಕೆಲವು ವರ್ಷಗಳ ಹಿಂದೆ ನಮ್ಮ ಆರನೇ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ರಂಗೋಲಿ ಸ್ಪರ್ಧೆಗೆ ಹೆಸರು ಕೊಟ್ಟ ಒಬ್ಬನೇ ಹುಡುಗ, ಚುಕ್ಕಿ ಇಡುವಾಗ ಅವನ ಬೆರಳು ನಡುಗುತ್ತಿರಲಿಲ್ಲ. ಉಳಿದ ಹುಡುಗರು ಅವನಿಗಿಟ್ಟ ಹೆಸರನ್ನು ಇಲ್ಲಿ ಬರೆಯಲಾರೆ, ಈ ಭಾಗದಲ್ಲಿ ಬೆಳೆದವರಿಗೆ ಅದು ಗೊತ್ತು. ಅವನು ಬಿಸಿಯೂಟದ ಜೊತೆ ನೀರು ಕುಡಿಯುವುದಿಲ್ಲ ಎಂಬುದು ಅಡುಗೆಯ ಅಕ್ಕನ ಕಣ್ಣಿಗೆ ಬಿತ್ತು. ಕಾರಣ ಕೇಳಿದರೆ ಬಾಯಿ ಬಿಡಲಿಲ್ಲ. ಕೊನೆಗೆ ಗೊತ್ತಾಯಿತು: ನೀರು ಕುಡಿದರೆ ಶೌಚಾಲಯಕ್ಕೆ ಹೋಗಬೇಕು, ಅಲ್ಲಿ ದೊಡ್ಡ ಹುಡುಗರು ಬಾಗಿಲಿಗೆ ಅಡ್ಡ ನಿಂತು, “ನೀನು ಹೆಣ್ಣುಮಕ್ಕಳ ಕಡೆ ಹೋಗು” ಎಂದು ಚಡ್ಡಿ ಎಳೆಯುತ್ತಿದ್ದರು. ಧಾರವಾಡದ ಏಪ್ರಿಲ್ ಬಿಸಿಲಿನಲ್ಲೂ ಅವನು ಸಂಜೆ ಮನೆ ಮುಟ್ಟುವವರೆಗೆ ಒಣಗಿದ ಬಾಯಲ್ಲೇ ಇರುತ್ತಿದ್ದ.

ಆ ಹುಡುಗರನ್ನು ಕೂರಿಸಿಕೊಂಡು ಕೇಳಿದೆವು. ಒಬ್ಬ ತಲೆ ತಗ್ಗಿಸದೆ ಹೇಳಿದ: “ಅವನು ಹಾಗೆ ಇದ್ದರೆ ಹೊಡೆಯಬೇಕಲ್ಲವೇ ಟೀಚರ್? ಮನೆಯಲ್ಲಿ ಎಲ್ಲರೂ ಹಾಗೆಯೇ ಹೇಳುತ್ತಾರೆ.” ಹನ್ನೆರಡು ವರ್ಷದವನ ಬಾಯಲ್ಲಿ ಈ ಮಾತು. ಶಾಲೆ ಅವನಿಗೆ ಈ ವಿಷಯದಲ್ಲಿ ಒಂದಕ್ಷರವನ್ನೂ ಕಲಿಸಿರಲಿಲ್ಲ, ಆದರೂ ಅವನ ಪಾಠ ಮುಗಿದಿತ್ತು. ರಂಗೋಲಿಯ ಹುಡುಗ ಈಗ ಐಟಿಐ ಮುಗಿಸಿ ಹುಬ್ಬಳ್ಳಿಯಲ್ಲಿ ಕೆಲಸದಲ್ಲಿದ್ದಾನೆ. ಅವನ ಮನಸ್ಸು ಯಾರ ಕಡೆಗೆ ಎಂಬುದು ನನಗೆ ಗೊತ್ತಿಲ್ಲ, ಗೊತ್ತಾಗಬೇಕಾದ ಅಗತ್ಯವೂ ಇಲ್ಲ. ರಂಗೋಲಿ ಹಾಕಿದ್ದಕ್ಕೇ ಅಷ್ಟು ಸಿಕ್ಕಿತು.

ಇದೇ ಮಕ್ಕಳು ಭಾರತ ಹುಣ್ಣಿಮೆಗೆ ಮನೆಯವರೊಡನೆ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೋಗುತ್ತಾರೆ. ಸೀರೆಯುಟ್ಟು, ತಲೆಯ ಮೇಲೆ ಕೊಡ ಹೊತ್ತು ಚೌಡಿಕೆಯ ತಾಳಕ್ಕೆ ಕುಣಿಯುವ, ಗಂಡಾಗಿ ಹುಟ್ಟಿ ಎಲ್ಲಮ್ಮನ ಸೇವೆಗೆ ನಿಂತ ಜೋಗಪ್ಪರನ್ನು ನೋಡುತ್ತಾರೆ, ಹಣೆಗೆ ಭಂಡಾರ ಹಚ್ಚಿಸಿಕೊಂಡು ಕಾಲು ಮುಟ್ಟುತ್ತಾರೆ. ಜೋಗಪ್ಪರ ಬದುಕು ಬೇರೆ, ಇಬ್ಬರು ಹೆಂಗಸರು ಮದುವೆಯಾಗಬೇಕೆನ್ನುವುದು ಬೇರೆ. ಎರಡನ್ನೂ ಒಂದೇ ಬುಟ್ಟಿಗೆ ಹಾಕುವುದು ಸರಿಯಲ್ಲ. ಆದರೆ ಗುಡ್ಡದ ಮೇಲೆ ಕೈ ಮುಗಿಯುವ ಮಗು ಶಾಲೆಯ ಶೌಚಾಲಯದ ಬಾಗಿಲಲ್ಲಿ ಇನ್ನೊಂದು ಮಗುವಿನ ಚಡ್ಡಿ ಎಳೆಯುತ್ತದೆ ಎಂಬುದು ನನಗೆ ಸಹಿಸಲಾಗದ ಸಂಗತಿ.

ಪಾಲಕರಿಗೆ ಮೊದಲೇ ಹೇಳಬೇಕು ಎಂಬುದನ್ನು ನಾನು ಪೂರ್ತಿ ಒಪ್ಪುತ್ತೇನೆ. ಮಗುವನ್ನು ಹೊರಗೆ ಕೂರಿಸುವುದನ್ನು ಒಪ್ಪುವುದಿಲ್ಲ. ಹೊರಗೆ ಕುಳಿತದ್ದು ಊಟದ ಹೊತ್ತಿಗೆ ಗೆಳತಿಯಿಂದ ಅರ್ಧಂಬರ್ಧ ಕೇಳಿಸಿಕೊಳ್ಳುತ್ತದೆ, ಅಷ್ಟೇ.

ಮುಖ್ಯೋಪಾಧ್ಯಾಯರು, ನೀವು ಏನು ಹೇಳುತ್ತೀರೋ ಅದನ್ನು ಬರೆದುಕೊಡಿ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಮುಂದಿಡೋಣ ಎಂದರು. ಬರೆದೆ. “ಕೆಲವು ಗಂಡಸರು ಗಂಡಸರ ಜೊತೆ, ಕೆಲವು ಹೆಂಗಸರು ಹೆಂಗಸರ ಜೊತೆ ಪ್ರೀತಿಯಿಂದ ಬಾಳುತ್ತಾರೆ, ಕೆಲವು ದೇಶಗಳಲ್ಲಿ ಅವರು ಮದುವೆಯಾಗಬಹುದು, ನಮ್ಮಲ್ಲಿ ಆ ಕಾನೂನು ಇಲ್ಲ, ಆದರೆ ಜೊತೆಗಿರುವುದು ಅಪರಾಧವಲ್ಲ. ಅಂಥವರನ್ನಾಗಲಿ, ಅಂಥವರೆಂದು ನೀವು ಅಂದುಕೊಂಡವರನ್ನಾಗಲಿ ಹೀಯಾಳಿಸುವುದು ಈ ಶಾಲೆಯಲ್ಲಿ ತಪ್ಪು. ದೊಡ್ಡವರಾದ ಮೇಲೆ ನಿಮ್ಮಲ್ಲಿ ಯಾರಿಗಾದರೂ ಹಾಗೆ ಅನಿಸಿದರೆ ಅದು ರೋಗವಲ್ಲ, ಹೆದರದೆ ನಮ್ಮ ಹತ್ತಿರ ಬಂದು ಹೇಳಬಹುದು.”

ಎರಡನೆಯ ವಾಕ್ಯಕ್ಕೆ ಎಲ್ಲರೂ ಕೈ ಎತ್ತಿದರು. ಮೊದಲನೆಯದಕ್ಕೆ ವಾದವಾಯಿತು, ಕಾನೂನು ಏನಿದೆಯೋ ಅಷ್ಟನ್ನೇ ಹೇಳಿದ್ದೀರಿ ಎಂದು ಕೊನೆಗೆ ಒಪ್ಪಿದರು. ಮೂರನೆಯದನ್ನು ತೆಗೆಯಿರಿ ಎನ್ನುತ್ತಿದ್ದಾರೆ. “ಕೇಳಿದರೆ ಮಕ್ಕಳಿಗೆ ಹಾಗೆ ಅನಿಸಲು ಶುರುವಾಗುತ್ತದೆ” ಎಂಬುದು ಟಂಟಂ ಓಡಿಸುವ ಆ ತಂದೆಯ ಮಾತು. ಹುಟ್ಟಿದಾಗಿನಿಂದ ಗಂಡು ಹೆಣ್ಣಿನ ಮದುವೆಗಳನ್ನೇ ನೋಡುತ್ತ, ಅಕ್ಕಿಕಾಳು ಹಾಕುತ್ತ ಬೆಳೆದವರಲ್ಲೇ ಇಂಥವರಿದ್ದಾರಲ್ಲ, ನೋಡಿದ್ದರಿಂದಲೇ ಮನಸ್ಸು ತಿರುಗುವುದಾದರೆ ಅವರದ್ದೇಕೆ ತಿರುಗಲಿಲ್ಲ ಎಂದು ಕೇಳಿದೆ. ಅವರು ಸುಮ್ಮನಾದರು, ಒಪ್ಪಲಿಲ್ಲ. ಮಗಳು ಮಾತ್ರ ಶಾಲೆಗೆ ಬರುತ್ತಿದ್ದಾಳೆ. ಮೂರನೆಯ ವಾಕ್ಯ ಮುಂದಿನ ಸಭೆಗೆ ಉಳಿದಿದೆ. ಅದನ್ನು ಹೊಡೆದುಹಾಕಿ ಕೊಡಲು ನಾನು ಒಪ್ಪಿಲ್ಲ. ವೈದ್ಯಕೀಯ ಆಯೋಗದ ಪತ್ರವನ್ನು ಕನ್ನಡಕ್ಕೆ ಮಾಡಿಕೊಂಡು ಆ ದಿನ ಓದಿ ಹೇಳುತ್ತೇನೆ.