ಬತ್ತಿ ಕತ್ತರಿಸುವವನು ರಂಗಕ್ಕೆ ಬಂದದ್ದು ಯಾವಾಗ?

ರಂಗಕಲೆ ವಿಭಾಗದಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿ ಕಳೆದ ವರ್ಷಗಳ ಬಗ್ಗೆ ಈ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ ನನಗೆ ಥಟ್ಟನೆ ನೆನಪಾದದ್ದು, ಮೌಖಿಕ ಪರೀಕ್ಷೆಯ ದಿನ ನಾನು ಉತ್ತರಿಸಲಾಗದೆ ಉಳಿಸಿಕೊಂಡ ಒಂದು ಪ್ರಶ್ನೆ. ವಿದ್ಯುದ್ದೀಪ ಬರುವುದಕ್ಕೆ ಮುಂಚೆ ಯುರೋಪಿನ ರಂಗಮಂದಿರಗಳಲ್ಲಿ ಬೆಳಕಿನ ಏರ್ಪಾಡು ಹೇಗಿತ್ತು, ಆ ಬೆಳಕು ನಟನ ಅಭಿನಯವನ್ನು ಹೇಗೆ ತಿದ್ದಿತು ಎಂಬುದು ನನ್ನ ಮಹಾಪ್ರಬಂಧದ ವಿಷಯವಾಗಿತ್ತು. ಹೊರಗಿನಿಂದ ಬಂದಿದ್ದ ಪರೀಕ್ಷಕರು ನಾಲ್ಕನೆಯ ಅಧ್ಯಾಯವನ್ನು ತೆರೆದಿಟ್ಟುಕೊಂಡು, "ನಾಟಕ ನಡೆಯುತ್ತಿರುವಾಗಲೇ, ದೀಪ ಮಂಕಾಗದಂತೆ ಬತ್ತಿಯ ಕರಕಲನ್ನು ಕತ್ತರಿಸುವವನು ರಂಗದ ಮೇಲೆ ಬಂದು ಹೋಗುತ್ತಿದ್ದ ಎಂದು ಬರೆದಿದ್ದೀರಿ. ಒಪ್ಪಿದೆ. ಆದರೆ ಯಾವ ಹೊತ್ತಿಗೆ ಬರುತ್ತಿದ್ದ? ಅವನು ಬಂದಾಗ ಮಾತಾಡುತ್ತಿದ್ದ ನಟ ಏನು ಮಾಡುತ್ತಿದ್ದ?" ಎಂದು ಕೇಳಿದರು. ನಾನು ಓದಿದ್ದ ಯಾವ ದಾಖಲೆಯೂ ಅದಕ್ಕೆ ನೇರ ಉತ್ತರ ಕೊಟ್ಟಿರಲಿಲ್ಲ. ಪದವಿಯೇನೋ ಕೈಸೇರಿತು, ಪ್ರಶ್ನೆ ಮಾತ್ರ ಜೊತೆಯಲ್ಲೇ ಬಂತು.

ನಾನು ಈ ವಿಭಾಗಕ್ಕೆ ಬಂದದ್ದು ಸಾಹಿತ್ಯದ ಪದವಿ ಮುಗಿಸಿಕೊಂಡು. ರಂಗಭೂಮಿಯ ಇತಿಹಾಸ, ರಂಗವಿನ್ಯಾಸ, ಅಭಿನಯ, ರಂಗಶಿಕ್ಷಣ ಎಂಬ ನಾಲ್ಕು ಕವಲುಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕಿತ್ತು. ಪುಸ್ತಕದ ಜೊತೆಗಿನ ಒಡನಾಟವೇ ಹೆಚ್ಚಾಗಿದ್ದ ನಾನು ಇತಿಹಾಸವನ್ನು ಆರಿಸಿಕೊಂಡೆ. ನನಗೆ ಮಾರ್ಗದರ್ಶಕರಾಗಿ ದೊರೆತ ಮೇಡಂ ನನ್ನ ಸಾರಲೇಖವನ್ನು ಓದಿ, "ಇದರಲ್ಲಿ ನಾಟಕ ಇದೆ, ಪ್ರಯೋಗ ಇಲ್ಲ. ಆ ರಾತ್ರಿ ರಂಗದ ಮೇಲೆ ಏನು ಕಾಣಿಸಿತು ಅಂತ ಒಂದು ಸಾಲಾದರೂ ಇದೆಯಾ, ನೀವೇ ನೋಡಿ" ಎಂದು ಹಿಂದಿರುಗಿಸಿದರು. ರಂಗಾಧ್ಯಯನವು ಸಾಹಿತ್ಯ ವಿಭಾಗದಿಂದ ಬೇರ್ಪಟ್ಟು ತನ್ನದೇ ಶಾಸ್ತ್ರವಾಗಿ ನಿಂತದ್ದರ ಹಿಂದೆಯೂ ಇದೇ ಮಾತಿತ್ತು ಎಂಬುದು ನನಗೆ ಆಮೇಲೆ ತಿಳಿಯಿತು. 1923ರಲ್ಲಿ ಬರ್ಲಿನ್ ವಿಶ್ವವಿದ್ಯಾಲಯದಲ್ಲಿ ರಂಗಾಧ್ಯಯನ ಸಂಸ್ಥೆ ಕಟ್ಟಿದವರಲ್ಲಿ ಪ್ರಮುಖರಾದ ಮ್ಯಾಕ್ಸ್ ಹೆರ್ಮನ್, ನಾಟಕದ ಪಠ್ಯ ಬೇರೆ, ಪ್ರಯೋಗ ಬೇರೆ, ರಂಗಭೂಮಿಯ ಇತಿಹಾಸಕಾರನಿಗೆ ಪ್ರಯೋಗವೇ ಮುಖ್ಯ ಎಂದು ವಾದಿಸಿದವರು. ಹದಿನಾರನೆಯ ಶತಮಾನದ ಜರ್ಮನ್ ಕವಿ, ನಾಟಕಕಾರ ಹಾನ್ಸ್ ಸಾಕ್ಸ್‌ನ ನಾಟಕಗಳು ನ್ಯೂರೆಂಬರ್ಗಿನ ಒಂದು ಚರ್ಚಿನೊಳಗೆ ಹೇಗೆ ನಡೆದಿರಬಹುದೆಂದು ಆ ಕಟ್ಟಡದ ಅಳತೆಗಳನ್ನೂ ನಾಟಕಗಳಲ್ಲಿ ಬರುವ ಪ್ರವೇಶ ನಿರ್ಗಮನಗಳನ್ನೂ ಒಟ್ಟಿಗಿಟ್ಟು ಲೆಕ್ಕ ಹಾಕಿದ ಅವರ ಗ್ರಂಥ 1914ರಲ್ಲಿ ಪ್ರಕಟವಾಯಿತು. ಯಹೂದಿಯೆಂಬ ಕಾರಣಕ್ಕೆ ನಾಜಿ ಆಡಳಿತ ಅವರನ್ನು ಹುದ್ದೆಯಿಂದ ತೆಗೆಯಿತು. 1942ರಲ್ಲಿ ಟೆರೇಸಿಯನ್‌ಸ್ಟಾಟ್ ಶಿಬಿರದಲ್ಲಿ ಅವರು ತೀರಿಕೊಂಡರು. ನಮ್ಮ ಪಠ್ಯಕ್ರಮದಲ್ಲಿ ಅವರ ಹೆಸರು ಒಂದೇ ಸಾಲಿನಲ್ಲಿ ಬಂದು ಹೋಗುತ್ತಿತ್ತು. ಅದು ಸಾಲದು ಎಂದು ಆಗಲೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ.

ಪ್ರಯೋಗವನ್ನು ಹುಡುಕುತ್ತ ಹೊರಟವನಿಗೆ ಬೆಳಕು ಸಿಕ್ಕಿತು. ಬೆಳಕಿನ ಬಗ್ಗೆ ಹಳಬರು ಬರೆದಿಟ್ಟ ಮಾತುಗಳು ಕಡಿಮೆಯಾದರೂ ಬಹಳ ಖಚಿತವಾಗಿವೆ. 1545ರಲ್ಲಿ ಇಟಲಿಯ ವಾಸ್ತುಶಿಲ್ಪಿ ಸೆರ್ಲಿಯೊ, ಬಣ್ಣದ ದ್ರವ ತುಂಬಿದ ಗಾಜಿನ ಪಾತ್ರೆಗಳ ಹಿಂದೆ ದೀಪವಿಟ್ಟು, ದೀಪದ ಹಿಂದೆ ಫಳಫಳ ಉಜ್ಜಿದ ಕ್ಷೌರಿಕನ ಬಟ್ಟಲನ್ನು ನಿಲ್ಲಿಸಿದರೆ ಬೆಳಕು ಹೇಗೆ ಹೊಳೆಯುತ್ತದೆಂದು ವಿವರಿಸಿದ. ಅದೇ ಶತಮಾನದಲ್ಲಿ ಇಟಲಿಯದೇ ಆದ ಮಾಂಟುವಾದ ನಾಟಕಕಾರ ಲಿಯೋನೆ ದೆ ಸೊಮ್ಮಿ, ದುರಂತ ನಾಟಕದಲ್ಲಿ ಮೊದಲ ಅನಾಹುತ ನಡೆಯುವ ತನಕ ರಂಗವನ್ನು ಬೆಳಗಿಸಿಟ್ಟು, ಆ ಕ್ಷಣಕ್ಕೆ ದೀಪಗಳನ್ನು ಆರಿಸಿದಾಗ ಪ್ರೇಕ್ಷಕರ ಎದೆ ನಡುಗಿತೆಂದು ದಾಖಲಿಸಿದ. ಪ್ರೇಕ್ಷಕರಿರುವ ಕಡೆ ದೀಪ ಕಡಿಮೆಯಿದ್ದಷ್ಟೂ ರಂಗ ಹೆಚ್ಚು ಬೆಳಗುತ್ತದೆ ಎಂಬ ಸೂಕ್ಷ್ಮವೂ ಅವನಿಗೆ ಗೊತ್ತಿತ್ತು. 1638ರಲ್ಲಿ ಇಟಲಿಯ ಮತ್ತೊಬ್ಬ ವಾಸ್ತುಶಿಲ್ಪಿ ಸಬ್ಬಾತಿನಿ, ಪ್ರತಿ ದೀಪದ ಮೇಲೆ ಒಂದೊಂದು ತಗಡಿನ ಕೊಳವೆಯನ್ನು ಹಗ್ಗದಿಂದ ತೂಗಿಬಿಟ್ಟು, ಎಲ್ಲವನ್ನೂ ಒಂದೇ ಸಲ ಕೆಳಗಿಳಿಸಿ ರಂಗವನ್ನು ಕತ್ತಲು ಮಾಡುವ ಉಪಾಯವನ್ನು ಚಿತ್ರ ಸಮೇತ ಅಚ್ಚು ಹಾಕಿಸಿದ. ಇಂದು ನಾವು ಡಿಮ್ಮರ್ ಎನ್ನುವ ಸಾಧನದ ಅಜ್ಜನೇ ಅದು.

ಈ ಟಿಪ್ಪಣಿಗಳನ್ನೆಲ್ಲ ಒಂದು ಅಧ್ಯಾಯವಾಗಿ ಬರೆದು ತಂದಾಗ ಮೇಡಂ ಅದನ್ನು ಪಕ್ಕಕ್ಕಿಟ್ಟು, "ವರ್ಕ್‌ಶಾಪಿಗೆ ಹೋಗಿ ಮಾಡಿ ನೋಡಿ, ಆಮೇಲೆ ಬರೆಯಿರಿ" ಎಂದರು. ಹೀಗೆ ಇತಿಹಾಸದ ವಿದ್ಯಾರ್ಥಿ ವಿನ್ಯಾಸದ ವಿದ್ಯಾರ್ಥಿಗಳ ಜೊತೆ ತಗಡು ಕತ್ತರಿಸಲು ಕುಳಿತ. ಮೇಲ್ಭಾಗದಲ್ಲಿ ತೂತು ಬಿಡದೆ ಮಾಡಿದ ಮೊದಲ ಕೊಳವೆ ಕೆಳಗಿಳಿಯುತ್ತಲೇ ಜ್ವಾಲೆ ಉಸಿರುಗಟ್ಟಿ ಆರಿತು. ತೂತು ದೊಡ್ಡದಾದಾಗ ಬೆಳಕು ಅದರಿಂದಲೇ ಮೇಲಕ್ಕೆ ಸೋರಿ ಚಾವಣಿಯ ಮೇಲೆ ಗುಂಡಗೆ ಬಿದ್ದಿತು. ಇವೆರಡರ ನಡುವೆ ಸರಿಯಾದ ಅಳತೆ ಸಿಗುವ ಹೊತ್ತಿಗೆ, ಸಬ್ಬಾತಿನಿಯ ಪುಟದಲ್ಲಿ ನಾನು ಓದಿಯೂ ಗಮನಿಸದೆ ಬಿಟ್ಟಿದ್ದ ಎಷ್ಟೋ ಮಾತುಗಳು ಅರ್ಥವಾಗತೊಡಗಿದ್ದವು.

ನಾನು ಮಾಡಿದ ದೊಡ್ಡ ತಪ್ಪೂ ಆ ವರ್ಕ್‌ಶಾಪಿನಲ್ಲೇ ಬೆಳಕಿಗೆ ಬಂತು. ಮೇಣದಬತ್ತಿಗಳು ಎಷ್ಟು ಹೊತ್ತಿಗೆ ಮಂಕಾಗುತ್ತವೆ, ಎಷ್ಟು ಸಲ ಬತ್ತಿಯ ಕರಕಲನ್ನು ಕತ್ತರಿಸಬೇಕಾಗುತ್ತದೆ ಎಂದು ಗಡಿಯಾರ ಹಿಡಿದು ಎರಡು ವಾರ ಬರೆದುಕೊಂಡೆ. ಬೆಳಕು ಹೆಚ್ಚುಕಡಿಮೆ ಒಂದೇ ಸಮನಾಗಿತ್ತು. ಕತ್ತರಿ ಮುಟ್ಟಬೇಕಾದ ಪ್ರಸಂಗವೇ ಬರಲಿಲ್ಲ. ಹಳಬರು ಬತ್ತಿಯ ಕಾಟವನ್ನು ಹೆಚ್ಚಾಗಿಯೇ ಹೇಳಿಕೊಂಡಿದ್ದಾರೆ ಎಂದು ತೀರ್ಮಾನಿಸಿ ಬರೆಯಲು ತೊಡಗಿದ್ದೆ. ಆಗ ವಸ್ತ್ರವಿನ್ಯಾಸದ ಗೆಳತಿಯೊಬ್ಬಳು ಒಂದು ಬತ್ತಿಯನ್ನು ಬಿಡಿಸಿ ನೋಡಿ, "ಇದು ಜಡೆ ಹೆಣೆದ ದಾರ, ಹೊಸೆದದ್ದಲ್ಲ" ಎಂದಳು. ಅವಳ ಆ ಒಂದು ಮಾತಿಗೆ ನನ್ನ ಎರಡು ವಾರದ ಲೆಕ್ಕ ಬಿದ್ದುಹೋಯಿತು. ಹೆಣೆದ ಬತ್ತಿ ಉರಿಯುತ್ತ ಉರಿಯುತ್ತ ಒಂದು ಪಕ್ಕಕ್ಕೆ ಬಾಗುತ್ತದೆ, ಅದರ ತುದಿ ಜ್ವಾಲೆಯ ಹೊರಗೆ ಬಂದು ತಾನೇ ಬೂದಿಯಾಗುತ್ತದೆ. ಅಂಥ ಬತ್ತಿ ಬಳಕೆಗೆ ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಅದಕ್ಕೆ ಮುಂಚಿನ ಹೊಸೆದ ಬತ್ತಿ ನೆಟ್ಟಗೆ ನಿಂತು, ಕರಕಲು ಬೆಳೆದು, ಹೊಗೆಯಾಡಿ, ಬೆಳಕನ್ನು ನುಂಗುತ್ತಿತ್ತು. ನಾವು ಹತ್ತಿಯ ದಾರ ಹೊಸೆದು, ಕೊಬ್ಬು ಕಾಯಿಸಿ, ಅದರಲ್ಲಿ ಅದ್ದಿ ಅದ್ದಿ ಬತ್ತಿ ತಯಾರಿಸಿದೆವು. ಮೊದಲ ದಿನವೇ ವಾಸನೆ ಕೋಣೆಯನ್ನೆಲ್ಲ ತುಂಬಿತು. ಕಾಲು ಗಂಟೆ ಕಳೆಯುವುದರೊಳಗೆ ಬತ್ತಿಯ ತುದಿಯಲ್ಲಿ ಕಪ್ಪು ಗಂಟು ಕಟ್ಟಿ, ಎದುರಿಗೆ ನಿಂತಿದ್ದ ನಟನ ಕಣ್ಣುಗಳು ಎರಡು ಕುಳಿಗಳಾದವು. ಜೇನುಮೇಣದ ಬತ್ತಿ ಇಷ್ಟು ಕಾಡಲಿಲ್ಲ. ಆದರೆ ಅದು ದುಬಾರಿಯಾದದ್ದರಿಂದ ಎಲ್ಲ ದೀಪಗಳಿಗೂ ಅದನ್ನೇ ಹಾಕುವುದು ಎಲ್ಲ ರಂಗಮಂದಿರಗಳಿಗೂ ಸಾಧ್ಯವಿರಲಿಲ್ಲ.

ಅಭಿನಯದ ಪಾಠ ನನಗೆ ಆಗಿದ್ದೂ ಅಲ್ಲಿಯೇ. ದೀಪದಿಂದ ಎರಡು ಅಡಿ ದೂರವಿದ್ದ ಮುಖ ನಾಲ್ಕು ಅಡಿಗೆ ಸರಿದರೆ ಅದರ ಮೇಲೆ ಬೀಳುವ ಬೆಳಕು ಅರ್ಧವಾಗುವುದಿಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ಭೌತಶಾಸ್ತ್ರದ ಈ ನಿಯಮವನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ. ರಂಗದಂಚಿನ ಅಡಿದೀಪಗಳ ಸಾಲಿನ ಹಿಂದೆ ನಾನೇ ನಿಂತು ಒಂದು ಸ್ವಗತವನ್ನು ಹೇಳಬೇಕಾಗಿ ಬಂದಾಗ, ಆ ನಿಯಮವೇ ನನ್ನನ್ನು ಮುಂದಕ್ಕೆ ಎಳೆಯಿತು. ಎರಡು ಹೆಜ್ಜೆ ಹಿಂದಿಟ್ಟರೆ, "ಮುಖ ಕಾಣ್ತಾ ಇಲ್ಲ, ಮುಂದೆ ಬನ್ನಿ" ಎಂದು ಹಿಂದಿನ ಸಾಲಿನಿಂದ ಕೂಗು ಬರುತ್ತಿತ್ತು. ಆ ಕಾಲದ ನಟರು ಎದುರಿನ ಪಾತ್ರದ ಕಡೆಗೆ ತಿರುಗದೆ ಪ್ರೇಕ್ಷಕರ ಕಡೆಗೇ ಮುಖ ಮಾಡಿ ಮಾತಾಡುತ್ತಿದ್ದರೆಂದೂ, ಅದು ಕೃತಕವೆಂದೂ ನಾವು ಸುಲಭವಾಗಿ ಬರೆದುಬಿಡುತ್ತೇವೆ. ಮುಖ ತಿರುಗಿಸಿದರೆ ಮುಖವೇ ಇಲ್ಲವಾಗುವ ಬೆಳಕಿನಲ್ಲಿ ಅವರು ಬೇರೆ ಏನು ಮಾಡಬಹುದಿತ್ತು? ಕೆಳಗಿನಿಂದ ಬೀಳುವ ಬೆಳಕಿಗೆ ಮೂಗಿನ ನೆರಳು ಹಣೆಯ ಮೇಲೇರುತ್ತದೆ, ಹುಬ್ಬಿನ ಚಲನೆ ಕಾಣದಾಗುತ್ತದೆ. ಪ್ರಸಾಧನ ದಪ್ಪವಾಗಿಯೂ ಕೈಯ ಅಭಿನಯ ಭುಜದೆತ್ತರಕ್ಕೂ ಇದ್ದದ್ದಕ್ಕೆ ಇದೂ ಒಂದು ಕಾರಣವಿರಬೇಕೆಂದು ನನಗೆ ಮನವರಿಕೆಯಾದದ್ದು ಓದಿನಿಂದಲ್ಲ. 1765ರಲ್ಲಿ ಲಂಡನ್ನಿನ ಡ್ರೂರಿ ಲೇನ್ ರಂಗಮಂದಿರದಲ್ಲಿ ಅದರ ವ್ಯವಸ್ಥಾಪಕನೂ ಹೆಸರಾಂತ ನಟನೂ ಆಗಿದ್ದ ಗ್ಯಾರಿಕ್, ರಂಗದ ಮೇಲೆ ತೂಗುತ್ತಿದ್ದ ದೀಪಗುಚ್ಛಗಳನ್ನು ತೆಗೆಸಿ, ಪ್ರತಿಫಲಕಗಳಿದ್ದ ದೀಪಗಳನ್ನು ಸೈಡ್ ವಿಂಗುಗಳ ಮರೆಗೆ ಸರಿಸಿದ್ದು ಎಷ್ಟು ದೊಡ್ಡ ಹೆಜ್ಜೆಯೆಂಬುದು ಆಗ ತಿಳಿಯಿತು. ಮುಂದೆ ಗಾಜಿನ ಚಿಮಣಿಯಿದ್ದ, ಹೆಚ್ಚು ಪ್ರಖರವಾದ ಆರ್ಗಾಂಡನ ಎಣ್ಣೆದೀಪ, 1817ರ ಹೊತ್ತಿಗೆ ಗ್ಯಾಸ್, 1881ರಲ್ಲಿ ಲಂಡನ್ನಿನ ಸವಾಯ್ ರಂಗಮಂದಿರದ ವಿದ್ಯುದ್ದೀಪಗಳು ಬಂದವು. ಅದೇ ವರ್ಷದ ಡಿಸೆಂಬರಿನಲ್ಲಿ ವಿಯೆನ್ನಾದ ರಿಂಗ್ ಥಿಯೇಟರ್ ಗ್ಯಾಸ್ ದೀಪದಿಂದ ಹೊತ್ತಿ ಉರಿದು ನೂರಾರು ಜನ ಸತ್ತರು. ಬೆಂಕಿಯ ಬೆಳಕಿನ ಸೊಬಗನ್ನು ಬಣ್ಣಿಸುವಾಗಲೆಲ್ಲ ನಾನು ಆ ಸಾವುಗಳನ್ನೂ ಪಕ್ಕದಲ್ಲೇ ಬರೆಯುತ್ತೇನೆ. ನಮ್ಮ ಪ್ರಯೋಗಗಳು ನಡೆದದ್ದೂ ಮರಳಿನ ಬಕೆಟ್ಟುಗಳ ನಡುವೆಯೇ.

ಇನ್ನೊಂದು ಪ್ರಸಂಗವನ್ನು ಇಲ್ಲಿ ಹೇಳದೆ ಹೋದರೆ ಮೇಡಂ ಅವರಿಗೆ ನ್ಯಾಯ ಸಲ್ಲದು. ಹೋಲಿಕೆಗೆಂದು ಸೇರಿಸಿದ ಒಂದು ಅಧ್ಯಾಯದಲ್ಲಿ ನಾಟ್ಯಶಾಸ್ತ್ರದ ಎರಡನೆಯ ಅಧ್ಯಾಯವನ್ನು ಎತ್ತಿಕೊಂಡಿದ್ದೆ. ಮಧ್ಯಮ ಪ್ರಮಾಣದ ವಿಕೃಷ್ಟ, ಅಂದರೆ ಆಯತಾಕಾರದ, ಮಂಟಪಕ್ಕೆ 64 ಹಸ್ತ (ಮೊಳ) ಉದ್ದ, 32 ಹಸ್ತ ಅಗಲ. ಅದಕ್ಕಿಂತ ದೊಡ್ಡದಾದರೆ ನಟನ ಮಾತು ಕೇಳಿಸದು, ಮುಖದ ಭಾವ ಕಾಣಿಸದು ಎಂದು ಭರತ ಹೇಳುತ್ತಾನೆ. ಮಂಟಪ ಬೆಟ್ಟದ ಗುಹೆಯ ಹಾಗಿರಬೇಕು, ಕಿಟಕಿಗಳು ಚಿಕ್ಕವಾಗಿರಬೇಕು, ಗಾಳಿ ನುಗ್ಗಬಾರದು ಎಂದೂ ಹೇಳುತ್ತಾನೆ. "ನಿರ್ವಾತ" ಎಂಬ ಆ ಶಬ್ದವನ್ನು ಕಂಡದ್ದೇ ತಡ, ದೀಪದ ಕುಡಿ ಅಲುಗದಿರಲಿ ಎಂದೇ ಈ ವಿಧಿ ಎಂದು ಎರಡು ಪುಟ ಬರೆದುಬಿಟ್ಟೆ. ಮೇಡಂ ಅಂಚಿನಲ್ಲಿ ಪೆನ್ಸಿಲಿನಿಂದ, "ಮುಂದಿನ ಶ್ಲೋಕವನ್ನೂ ಓದಿ" ಎಂದಷ್ಟೇ ಬರೆದರು. ಗಾಳಿಯಿಲ್ಲದ ಮಂಟಪ ಏಕೆ ಬೇಕೆಂದು ಭರತನೇ ಅಲ್ಲಿ ಕಾರಣ ಕೊಟ್ಟಿದ್ದ: ವಾದ್ಯವೃಂದದ ಸ್ವರ ಗಂಭೀರವಾಗಿ ಮೊಳಗಲಿ ಎಂದು. ದೀಪದ ಮಾತು ಅಲ್ಲಿರಲಿಲ್ಲ. ಆ ಎರಡು ಪುಟಗಳನ್ನು ತೆಗೆದುಹಾಕಿದೆ. ಮಾಡಿ ನೋಡುವ ಉತ್ಸಾಹದಲ್ಲಿ ಗ್ರಂಥದ ಬಾಯಿಗೆ ನನ್ನ ಮಾತನ್ನು ತುರುಕಿದ್ದೆ. ವರ್ಕ್‌ಶಾಪಿಗೆ ಕಳುಹಿಸಿದವರೇ ನನ್ನನ್ನು ಮತ್ತೆ ಪುಸ್ತಕದ ಮುಂದೆ ತಂದು ಕೂರಿಸಿದರು. ಬೆಳಕಿನ ಬಗ್ಗೆ ಹೇಳಬೇಕಾದದ್ದು ಕೇರಳದ ಸಂಸ್ಕೃತ ರಂಗಪರಂಪರೆಯಾದ ಕೂಡಿಯಾಟ್ಟದಲ್ಲಿ ಸಿಕ್ಕಿತು. ಅಲ್ಲಿ ರಂಗದ ಮುಂದಿನ ಒಂದೇ ದೀಪದಲ್ಲಿ ಮೂರು ಬತ್ತಿಗಳು, ಎರಡು ನಟನ ಕಡೆಗೆ, ಒಂದು ಪ್ರೇಕ್ಷಕರ ಕಡೆಗೆ. ಕಣ್ಣಿನ ಅಭಿನಯ ಅಷ್ಟು ಸೂಕ್ಷ್ಮವಾಗಿ ಬೆಳೆದ ಪರಂಪರೆಯಲ್ಲಿ ನಟ ಆ ದೀಪದ ಸನಿಹದಲ್ಲೇ ಕುಳಿತು ಗಂಟೆಗಟ್ಟಲೆ ಅಭಿನಯಿಸುತ್ತಾನೆ.

ಸ್ವೀಡನ್ನಿನ ಡ್ರಾಟ್‌ನಿಂಗ್‌ಹೋಮ್ ಅರಮನೆಯ ರಂಗಮಂದಿರವನ್ನು ನಾನು ಕಣ್ಣಾರೆ ಕಂಡಿಲ್ಲ. ಆದರೂ ಅದರ ನಕ್ಷೆಯ ಮುಂದೆ ಎಷ್ಟೋ ರಾತ್ರಿಗಳನ್ನು ಕಳೆದಿದ್ದೇನೆ. 1766ರಲ್ಲಿ ಕಟ್ಟಿದ ಆ ಮಂದಿರ, ದೊರೆ ಮೂರನೆಯ ಗುಸ್ತಾವನ ಕೊಲೆಯಾದ 1792ರ ನಂತರ ಹೆಚ್ಚುಕಡಿಮೆ ಮರೆತುಹೋಗಿತ್ತು. 1921ರಲ್ಲಿ ಸಂಶೋಧಕ ಆಗ್ನೆ ಬೈಯರ್ ಒಳಹೊಕ್ಕಾಗ ಮರದ ಯಂತ್ರಗಳೂ ಬಣ್ಣದ ರಂಗಸಜ್ಜಿಕೆಗಳೂ ಇದ್ದಲ್ಲೇ ಇದ್ದವು. ಹಗ್ಗ ಬದಲಾಯಿಸಿದ ಮೇಲೆ ಅವು ಮತ್ತೆ ಓಡಿದವು. ಒಬ್ಬ ಸಂಶೋಧಕನಿಗೆ ಇದಕ್ಕಿಂತ ದೊಡ್ಡ ಭಾಗ್ಯ ಇರಲಾರದು.

ಮೌಖಿಕ ಪರೀಕ್ಷೆ ಮುಗಿದ ಮೂರನೆಯ ವರ್ಷ ನಾನು ಬೇರೊಂದು ಕಡೆ ರಂಗಶಿಕ್ಷಣದ ತರಗತಿ ತೆಗೆದುಕೊಳ್ಳುತ್ತಿದ್ದೆ. ವಿದ್ಯಾರ್ಥಿಗಳಿಗೆ ಒಂದು ದೃಶ್ಯ ಕೊಟ್ಟು, ಹೊಸೆದ ಬತ್ತಿಯ ಆರು ದೀಪಗಳಲ್ಲಿ ಅದನ್ನು ಆಡಿ ತೋರಿಸುವಂತೆ ಹೇಳಿದೆ. ಬತ್ತಿ ಕತ್ತರಿಸುವ ಕೆಲಸ ಮಾತು ಕಡಿಮೆಯಾಡುವ ಒಬ್ಬ ಹುಡುಗಿಯ ಪಾಲಿಗೆ ಬಂತು. ಯಾವಾಗ ಒಳಗೆ ಬರಬೇಕೆಂದು ನಾನು ಹೇಳಿಕೊಡಲಿಲ್ಲ, ಹೇಳಿಕೊಡಲು ನನಗೇ ಗೊತ್ತಿರಲಿಲ್ಲ. ಮೊದಲ ತಾಲೀಮಿನಲ್ಲಿ ಅವಳು ಒಂದು ಭಾಷಣದ ನಡುವೆ ಬಂದಳು. ಎಲ್ಲರ ಕಣ್ಣೂ ಅವಳ ಕತ್ತರಿಯ ಮೇಲೆ ನೆಟ್ಟಿತು, ನಟನ ಮಾತು ತಡವರಿಸಿತು. ಎರಡನೆಯ ಸಲ ಮೌನದಲ್ಲಿ ಬಂದಳು, ಅದು ಇನ್ನೂ ಎದ್ದು ಕಂಡಿತು. ಮೂರನೆಯ ಸಲ ಅವಳು ವಿಂಗಿನಲ್ಲಿ ನಿಂತು ಬಹಳ ಹೊತ್ತು ಕಾದಳು. ಮಾತಾಡುತ್ತಿದ್ದ ನಟ ಕೋಪದಿಂದ ರಂಗದ ಬಲಗಡೆಗೆ ದಾಟಿದಾಗ, ಪ್ರೇಕ್ಷಕರ ಕಣ್ಣುಗಳೆಲ್ಲ ಅವನ ಬೆನ್ನು ಹತ್ತಿ ಹೋದ ಆ ಕ್ಷಣಕ್ಕೆ, ಎಡಗಡೆಯಿಂದ ಬಂದು ಮೂರು ಬತ್ತಿಗಳ ಕರಕಲನ್ನು ಕತ್ತರಿಸಿ ಹೊರಟುಹೋದಳು. ನಟ ತಿರುಗಿ ಎಡಕ್ಕೆ ಬಂದಾಗ ಅವನ ಮುಖ ಮೊದಲಿಗಿಂತ ಪ್ರಖರವಾಗಿ ಬೆಳಗಿತು. ಅವಳು ಬಂದು ಹೋದದ್ದನ್ನು ಕಂಡಿರಾ ಎಂದು ಕೇಳಿದೆ. ಕುಳಿತಿದ್ದ ಹದಿನಾಲ್ಕು ಮಂದಿಯಲ್ಲಿ ಇಬ್ಬರು ಮಾತ್ರ ಕೈಯೆತ್ತಿದರು.

ಹದಿನೆಂಟನೆಯ ಶತಮಾನದಲ್ಲಿ ಹೀಗೆಯೇ ನಡೆಯುತ್ತಿತ್ತು ಎಂದು ಇದರಿಂದ ಹೇಳಲಾಗದು. ಅಂಚಿನಲ್ಲಿ ಬರೆಯುವ ಮೇಡಂ ಅವರ ಪೆನ್ಸಿಲು ನನಗೆ ಈಗಲೂ ನೆನಪಿದೆ. ಬತ್ತಿ ಕತ್ತರಿಸುವವನು ನಟನ ಚಲನೆಯನ್ನು ಬಲ್ಲವನಾಗಿರಬೇಕು, ತಾಲೀಮಿನಲ್ಲಿ ಅವನಿಗೂ ಒಂದು ಜಾಗವಿದ್ದಿರಬೇಕು ಎಂಬಷ್ಟನ್ನು ಊಹೆಯಾಗಿ ಮುಂದಿಡಬಹುದು. ಆ ಸಂಜೆ ಮನೆಗೆ ಹೋಗಿ ನನ್ನ ಪ್ರಬಂಧದ ಪ್ರತಿಯ ನಾಲ್ಕನೆಯ ಅಧ್ಯಾಯದ ಅಂಚಿನಲ್ಲಿ ಪೆನ್ಸಿಲಿನಿಂದ ಅದನ್ನು ಬರೆದುಕೊಂಡೆ. ವಿಭಾಗದ ಗ್ರಂಥಾಲಯದಲ್ಲಿರುವ ಪ್ರತಿಯಲ್ಲಿ ಆ ಟಿಪ್ಪಣಿ ಇಲ್ಲ. ಅದನ್ನು ಎರವಲು ಪಡೆದು ಓದುವವರಿಗೆ ಸಿಗಲಿ ಎಂದು ಇಲ್ಲಿ ಬರೆದಿದ್ದೇನೆ.