ಸಿಲೆಬಸ್ಸಿಗೆ ಕಾಫಿ ತಂದ ನಮ್ಮ ಸರ್

ಕಾಲೇಜಿನ ನೆನಪು ಅಂದರೆ ಕಾಲೇಜ್ ಡೇ, ಹಾಕಿ ಮ್ಯಾಚು, ಮಡಿಕೇರಿ ದಸರಾದ ರಾತ್ರಿಗಳ ಬಗ್ಗೆ ಬೇರೆಯವರು ಬರೆದೇ ಬರೆಯುತ್ತಾರೆ. ನನಗೆ ಬರೆಯಬೇಕು ಅನ್ನಿಸಿದ್ದು ನಮ್ಮ ಕಾಸ್ಟ್ ಅಕೌಂಟಿಂಗ್, ಅಂದರೆ ಸರಕು ತಯಾರಿಸುವ ಖರ್ಚಿನ ಲೆಕ್ಕದ ಕ್ಲಾಸಿನ ಬಗ್ಗೆ.

ನಾನು ಬಿಬಿಎಂ (ಈಗಿನ ಬಿಬಿಎ) ಓದಿದ್ದು 1990ರ ದಶಕದ ಕೊನೆಯಲ್ಲಿ. ಆಗ ನಾವೆಲ್ಲ ಮಂಗಳೂರು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದೆವು. ಕರಾವಳಿಗೂ ಕೊಡಗಿಗೂ ಒಂದೇ ಸಿಲೆಬಸ್, ಒಂದೇ ಪ್ರಶ್ನೆಪತ್ರಿಕೆ. ವಿಶ್ವವಿದ್ಯಾನಿಲಯದ ಅಧ್ಯಯನ ಮಂಡಳಿ ಸಿಲೆಬಸ್ ಬರೆದು, ಅಕಾಡೆಮಿಕ್ ಕೌನ್ಸಿಲ್ ಒಪ್ಪಿದ ಮೇಲೆ ಪಾಠ ಮಾಡುವವರು ಅದರಲ್ಲಿ ಒಂದು ಸಾಲನ್ನೂ ಬದಲಾಯಿಸುವ ಹಾಗಿಲ್ಲ. ನಮ್ಮ ಸರ್ ಬದಲಾಯಿಸಲೂ ಇಲ್ಲ. ಉದಾಹರಣೆಗಳನ್ನು ಮಾತ್ರ ನಮ್ಮೂರಿನಿಂದ ತಂದರು.

ಪ್ರೋಸೆಸ್ ಕಾಸ್ಟಿಂಗ್‌ಗೆ, ಅಂದರೆ ತಯಾರಿಕೆಯ ಒಂದೊಂದು ಹಂತದ ಖರ್ಚು ಲೆಕ್ಕ ಹಾಕುವ ಪಾಠಕ್ಕೆ, ಪುಸ್ತಕದಲ್ಲಿ ಇದ್ದದ್ದು ಯಾವುದೋ ಕೆಮಿಕಲ್ ಫ್ಯಾಕ್ಟರಿ. ಸರ್ ಒಂದು ದಿನ ಒಣಗಿದ ರೊಬಸ್ಟಾ ಚೆರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು) ತಂದು ಮೇಜಿನ ಮೇಲೆ ಸುರಿದರು. "50 ಕೆ.ಜಿ. ಚೀಲ ಅಂದುಕೊಳ್ಳಿ. ಸಿಪ್ಪೆ ತೆಗೆದರೆ ಎಷ್ಟು ಬೀಜ ಸಿಗುತ್ತೆ?" ಅಂತ ಕೇಳಿದರು. ಅಲ್ಲಿಯವರೆಗೆ ಬಾಯಿ ಬಿಡದಿದ್ದ ಹಿಂದಿನ ಬೆಂಚಿನವರೇ ಎದ್ದು "26, 28 ಸರ್" ಅಂದರು. ತೋಟದ ಮನೆಯ ಮಕ್ಕಳಿಗೆ ಔಟ್ ಟರ್ನ್, ಅಂದರೆ ಒಂದು ಚೀಲಕ್ಕೆ ಸಿಗುವ ಬೀಜದ ತೂಕ, ಯಾರೂ ಹೇಳಿಕೊಡಬೇಕಿಲ್ಲ, ಅಲ್ವಾ? ಪಾಯಿಂಟಿಗೆ, ಅಂದರೆ ಔಟ್ ಟರ್ನಿನ ಒಂದೊಂದು ಕೆ.ಜಿ.ಗೆ, 100 ರೂಪಾಯಿ ಅಂತ ಇಟ್ಟುಕೊಂಡರೆ ಔಟ್ ಟರ್ನ್ 28 ಬಂದ ಚೀಲಕ್ಕೆ 2,800, 26 ಬಂದ ಚೀಲಕ್ಕೆ 2,600. ಸಿಪ್ಪೆಯ ತೂಕ ನಾರ್ಮಲ್ ಲಾಸ್, ಯಾವಾಗಲೂ ಆಗುವ ನಷ್ಟ. ಕಣದಲ್ಲಿ ಹರಡಿದ ಕಾಫಿ ಅಕಾಲ ಮಳೆಗೆ ನೆನೆದು ಬೂಷ್ಟು ಹಿಡಿದರೆ ಅಬ್‌ನಾರ್ಮಲ್ ಲಾಸ್, ಆಗಬಾರದಿದ್ದ ನಷ್ಟ. ಆ ಲೆಕ್ಕ ಇವತ್ತಿಗೂ ಮರೆತಿಲ್ಲ. ಜಾಯಿಂಟ್ ಪ್ರಾಡಕ್ಟ್ಸ್ (ಒಂದೇ ಕಚ್ಚಾ ಮಾಲಿನಿಂದ ಒಟ್ಟಿಗೇ ಬರುವ ಹಲವು ಸರಕು) ಪಾಠ ಬಂದಾಗ, ಸಿಪ್ಪೆ ತೆಗೆದು ಬೀಜವನ್ನು ವಿಂಗಡಿಸುವ ಕ್ಯೂರಿಂಗ್ ವರ್ಕ್ಸಿನ ಗ್ರೇಡುಗಳನ್ನು ಬೋರ್ಡಿನ ಮೇಲೆ ಬರೆದರು. ಪೀಬೆರಿ (ಹಣ್ಣಿನಲ್ಲಿ ಒಂದೇ ಆಗಿ ಬೆಳೆದ ದುಂಡು ಬೀಜ), ಎಬಿ, ಸಿ, ಎಲ್ಲವೂ ಒಂದೇ ಚೀಲದಿಂದ ಬಂದದ್ದು. ಹಾಗಾದರೆ ಪೀಬೆರಿಗೆ ಮಾತ್ರ ಎಷ್ಟು ಖರ್ಚಾಯಿತು? ಬೇರೆ ಮಾಡಿ ಹೇಳಲು ಆಗಲ್ಲ, ಮಾರಾಟದ ಬೆಲೆ ನೋಡಿ ಹಂಚಬೇಕು ಅಂತ ನಮ್ಮ ಬಾಯಿಂದಲೇ ಹೊರಡಿಸಿದರು.

ಆ ಕಾಲವೂ ಹಾಗಿತ್ತು. ಅದಕ್ಕೆ ಮುಂಚೆ ಕಾಫಿಯನ್ನು ಎಲ್ಲರದನ್ನೂ ಒಟ್ಟುಗೂಡಿಸಿ ಮಾರುತ್ತಿದ್ದ ಕಾಫಿ ಬೋರ್ಡಿನ ಪೂಲ್‌ಗೇ ಕೊಡಬೇಕಿತ್ತು, ದುಡ್ಡು ಕಂತಿನಲ್ಲಿ ಬರುತ್ತಿತ್ತು. 1992ರ ನಂತರ ಹಂತಹಂತವಾಗಿ ಸಡಿಲಿಸಿ 1996ರಲ್ಲಿ ಪೂರ್ತಿ ಬಿಟ್ಟರು. ಯಾವಾಗ ಮಾರಬೇಕು, ಯಾರಿಗೆ ಮಾರಬೇಕು ಅನ್ನುವ ಪ್ರಶ್ನೆ ನಮ್ಮ ಅಪ್ಪಂದಿರಿಗೂ ಹೊಸದು. ಸರ್ ಅದನ್ನೇ ಅಸೈನ್‌ಮೆಂಟ್ ಮಾಡಿದರು: ನಿಮ್ಮ ಮನೆಯ ಕಾಫಿಯನ್ನು ಯಾರು ಕೊಂಡರು, ಆ ದಿನವೇ ಏಕೆ ಮಾರಿದಿರಿ, ಬರೆದು ತನ್ನಿ. ಅಪ್ಪನ ಹತ್ತಿರ ವ್ಯಾಪಾರದ ಮಾತು ಕೂತು ಆಡಿದ್ದು ನಾನು ಅವತ್ತೇ ಮೊದಲು. ರೊಬಸ್ಟಾ ರೇಟಿಗೆ ಲಂಡನ್ ಮಾರುಕಟ್ಟೆ, ಅರೇಬಿಕಾಗೆ ನ್ಯೂಯಾರ್ಕ್ ಮಾರುಕಟ್ಟೆ ನೋಡಬೇಕು ಅನ್ನುವುದು ಆ ಮಾತಿನಲ್ಲೇ ತಿಳಿಯಿತು.

"ನನ್ನ ಕೈಯಲ್ಲಿ ಇರೋದು ಇಂಟರ್ನಲ್ ಮಾರ್ಕ್ಸ್ ಮಾತ್ರ" ಅಂತ ಸರ್ ಹೇಳುತ್ತಿದ್ದರು. ಹಾರ್ವರ್ಡ್‌ನವರು 1920ರ ದಶಕದಲ್ಲೇ ಕೇಸ್ ಮೆಥಡ್, ಅಂದರೆ ನಿಜವಾದ ವ್ಯವಹಾರದ ಪ್ರಸಂಗವನ್ನೇ ಚರ್ಚಿಸಿ ಕಲಿಸುವ ಕ್ರಮ ಬೆಳೆಸಿದ್ದು, 1961ರಲ್ಲಿ ಶುರುವಾದ ಅಹಮದಾಬಾದ್ ಐಐಎಂ ಅವರ ಜೊತೆಗೂಡಿ ಅದನ್ನು ಇಲ್ಲಿಗೆ ತಂದದ್ದು, ಇದೆಲ್ಲ ನಾನು ಆಮೇಲೆ ಓದಿದ್ದು. ಸರ್ ಆ ಹೆಸರು ಹೇಳದೆ ಅದನ್ನೇ ಮಾಡುತ್ತಿದ್ದರು.

ಈಗ ಒಂದು ಸ್ವಾಯತ್ತ (ತನ್ನ ಸಿಲೆಬಸ್ ತಾನೇ ಬರೆದುಕೊಳ್ಳುವ) ಕಾಲೇಜಿನ ಅಧ್ಯಯನ ಮಂಡಳಿಯಲ್ಲಿ ಉದ್ಯಮದ ಕಡೆಯಿಂದ ನಾನೂ ಕೂರುತ್ತೇನೆ. 2021ರಲ್ಲಿ ನಾಲ್ಕು ವರ್ಷದ ಪದವಿ ಬಂತು, 2024ರಲ್ಲಿ ಮತ್ತೆ ಮೂರು ವರ್ಷವಾಯಿತು. ಅದೇ ವರ್ಷ ಬಿಬಿಎ, ತಾಂತ್ರಿಕ ಶಿಕ್ಷಣವನ್ನು ನೋಡಿಕೊಳ್ಳುವ ಕೇಂದ್ರದ ಎಐಸಿಟಿಇ ವ್ಯಾಪ್ತಿಗೂ ಸೇರಿತು. ಡಿಜಿಟಲ್ ಮಾರ್ಕೆಟಿಂಗ್, ಅನಲಿಟಿಕ್ಸ್, ಎಲ್ಲ ಬರಲಿ, ಬೇಕು. ಆದರೆ ಮೀಟಿಂಗಿನಲ್ಲಿ ಚರ್ಚೆಯೆಲ್ಲ ಪೇಪರಿನ ಹೆಸರು, ಕ್ರೆಡಿಟ್ಟಿನ ಲೆಕ್ಕದಲ್ಲೇ ಮುಗಿಯುತ್ತದೆ. ಪರೀಕ್ಷೆಯಲ್ಲಿ ಏನು ಕೇಳುತ್ತೇವೆ, ಹುಡುಗರು ಏನು ಮಾಡಿ ಕಲಿಯುತ್ತಾರೆ ಅನ್ನುವುದಕ್ಕೆ ಸಮಯವೇ ಉಳಿಯುವುದಿಲ್ಲ. ಇದು ನನಗೆ ನಿಜಕ್ಕೂ ಬೇಜಾರಿನ ವಿಷಯ.

ಚಿಕ್ಕ ಅಳುವಾರದಲ್ಲಿ ಕೊಡಗಿಗೇ ಒಂದು ವಿಶ್ವವಿದ್ಯಾನಿಲಯ ಬಂದಾಗ ತುಂಬಾ ಖುಷಿಪಟ್ಟವನು ನಾನು. 2025ರಲ್ಲಿ ಅದನ್ನು ಮುಚ್ಚುವ ಮಾತು ಎದ್ದಾಗ ಅಷ್ಟೇ ಸಂಕಟವಾಯಿತು. ನಮ್ಮ ಜಿಲ್ಲೆಗೆ ಬೇಕಾದ ಪೇಪರ್ ಇಲ್ಲಲ್ಲದೆ ಇನ್ನೆಲ್ಲಿ ಬರೆಯುತ್ತಾರೆ? ತೆರಿಗೆಯ ಲೆಕ್ಕವನ್ನೇ ನೋಡಿ. ಬೆಳೆದ ಕಾಫಿಯನ್ನು ಒಣಗಿಸಿ ಹಾಗೇ ಮಾರಿದರೆ ಕೇಂದ್ರದ ಆದಾಯ ತೆರಿಗೆ ಇಲ್ಲ. ಕ್ಯೂರಿಂಗ್ ಮಾಡಿಸಿ ಮಾರಿದರೆ ಆದಾಯದ 25 ಪರ್ಸೆಂಟ್, ಹುರಿದು ಪುಡಿ ಮಾಡಿ ಮಾರಿದರೆ 40 ಪರ್ಸೆಂಟ್ ತೆರಿಗೆಗೆ ಒಳಪಡುವ ವ್ಯಾಪಾರದ ಆದಾಯ ಅನ್ನಿಸಿಕೊಳ್ಳುತ್ತದೆ. ಈಗ ಎಷ್ಟೋ ತೋಟದವರು ತಮ್ಮದೇ ಬ್ರ್ಯಾಂಡಿನಲ್ಲಿ ಪುಡಿ ಮಾರುತ್ತಿದ್ದಾರೆ. ಅವರ ಲೆಕ್ಕ ಬರೆಯಬೇಕಾದ ನಮ್ಮ ಬಿಕಾಂ ಹುಡುಗರು ಇದನ್ನು ಕ್ಲಾಸಿನಲ್ಲೇ ಕಲಿಯಲಿ.

ಈಗಿನ ಮೇಷ್ಟ್ರುಗಳಲ್ಲಿ ನನ್ನದೊಂದು ಕೇಳಿಕೆ. ನಮ್ಮ ತೋಟದ ಕೂಲಿ ಪುಸ್ತಕ, ಔಟ್ ಟರ್ನ್ ಚೀಟಿ, ಮಾರಿದ ಬಿಲ್ಲು ಎಲ್ಲ ಜೋಪಾನವಾಗಿವೆ. ಪ್ರಾಜೆಕ್ಟಿಗೆ ಬೇಕಾದವರು ಧಾರಾಳವಾಗಿ ನೋಡಬಹುದು. ಡಿಸೆಂಬರಿನಲ್ಲಿ ಕೊಯ್ಲು ಶುರುವಾದ ಮೇಲೆ ಬಂದರೆ ಕಣವನ್ನೂ ತೋರಿಸುತ್ತೇನೆ.