ಸೀಡಿ ಇಲ್ಲ ಅಂತ ಲ್ಯಾಪ್‌ಟಾಪ್ ಫಾರ್ಮ್ಯಾಟ್‌ಗೆ ಕೊಡೋಕ್ ಮುಂಚೆ

ವಿಂಡೋಸ್ ಕೈ ಕೊಡ್ತು ಅಂತ ಲ್ಯಾಪ್‌ಟಾಪ್ ಹಿಡ್ಕೊಂಡು ಎಲ್ಲಿ ಹೋದ್ರೂ ಮೊದಲು ಕೇಳೋದು "ಇದರ ಸೀಡಿ ಐತಾ?" ಅಂತ, ಇಲ್ಲ ಅಂದ ತಕ್ಷಣ ಮುಂದಿನ ಮಾತು "ಹಂಗಾದ್ರೆ ಫಾರ್ಮ್ಯಾಟ್ ಮಾಡ್ಬೇಕ್ರಿ, ಡೇಟಾ ಗ್ಯಾರಂಟಿ ಇಲ್ಲ". ಈ ಮಾತಿಗೆ ಹೂಂ ಅನ್ನೋಕ್ ಮುಂಚೆ ದಯವಿಟ್ಟು ಇದನ್ನ ಓದಿ. ಈಗಿನ ಲ್ಯಾಪ್‌ಟಾಪ್‌ಗಳ ಜೊತೆ ಸೀಡಿ ಬರೋದೇ ಇಲ್ಲ, ಸೀಡಿ ಹಾಕೋ ಜಾಗನೂ ಇರಲ್ಲ, ಆದ್ರೆ ನೀವು ದುಡ್ಡು ಕೊಟ್ಟು ತಗೊಂಡ ಅಸಲಿ ವಿಂಡೋಸ್ ವಾಪಸ್ ಹಾಕೋಕೆ ಬೇಕಾಗಿದ್ದು ಬಹುತೇಕ ಅದರ ಒಳಗೇ ಇರುತ್ತೆ, ಮತ್ತೆ ವಿಂಡೋಸ್ ಆನ್ ಆಗ್ತಿಲ್ಲ ಅಂದ ಮಾತ್ರಕ್ಕೆ ನಿಮ್ಮ ಫೈಲುಗಳು ಹೋದವು ಅಂತ ಅಲ್ಲವೇ ಅಲ್ಲ.

ನಾನು ರಿಪೇರಿ ಅಂಗಡಿಯವನಲ್ಲ. ದಾವಣಗೆರೆ ವಿದ್ಯಾನಗರದ ಕಡೆ ಡಿಟಿಪಿ, ಜೆರಾಕ್ಸ್ ಕೆಲಸ ಮಾಡ್ತೀನಿ, ಲಗ್ನಪತ್ರಿಕೆ, ಪ್ರಾಜೆಕ್ಟ್ ರಿಪೋರ್ಟ್, ಸಂಘದ ಲೆಟರ್‌ಹೆಡ್ಡು ಇಂಥವು. ಕಾಲೇಜು ಹುಡುಗ್ರು ಪ್ರಿಂಟ್‌ಗೆ ಬಂದಾಗ ಅಣ್ಣ ಇದೊಂದು ಆನ್ ಆಗ್ತಿಲ್ಲ ನೋಡಣ್ಣ ಅಂತ ಬ್ಯಾಗಿಂದ ತೆಗೀತಾರೆ, ಹಂಗೇ ನೋಡ್ತಾ ನೋಡ್ತಾ ಕಲ್ತಿದ್ದು. ಈಗ ಬರೆಯೋಕೆ ಕಾರಣ ನಮ್ಮ ಕಾಕಾನ ಲ್ಯಾಪ್‌ಟಾಪ್. ಅವರದು ಎಪಿಎಂಸಿ ಯಾರ್ಡ್‌ನಲ್ಲಿ ಮೆಕ್ಕೆಜೋಳದ ದಲಾಲಿ ಅಂಗಡಿ, ರೈತರ ಲೆಕ್ಕ, ಖರೀದಿದಾರರ ಬಾಕಿ, ಜಿಎಸ್‌ಟಿ ಎಲ್ಲ ಟ್ಯಾಲಿಯಲ್ಲಿ ಒಂದೇ ಲ್ಯಾಪ್‌ಟಾಪ್‌ನಲ್ಲಿ. ಅದರ ಬ್ಯಾಟರಿ ಸತ್ತು ಎಷ್ಟೋ ಕಾಲ ಆಗಿತ್ತು, ಚಾರ್ಜರ್ ಹಾಕಿದ್ರೆ ಮಾತ್ರ ಓಡ್ತಿತ್ತು, ವಿಂಡೋಸ್ ಅಪ್‌ಡೇಟ್ ಆಗ್ತಿರುವಾಗ ಕರೆಂಟ್ ಹೋಯ್ತು, ಅಲ್ಲಿಗೆ ಮುಗೀತು, ಆಮೇಲೆ ಆನ್ ಮಾಡಿದ್ರೆ ಬರೀ ರಿಪೇರಿ ಆಗ್ತಿದೆ ಅಂತ ತೋರಿಸಿ ಸುತ್ತೋದು. ಒಂದು ಅಂಗಡಿಗೆ ತಗೊಂಡು ಹೋಗಿದಾರೆ, ಮೇಲಿನ ಎರಡೂ ಮಾತು ಕೇಳಿಸ್ಕೊಂಡು ಮುಖ ಸಪ್ಪಗೆ ಮಾಡ್ಕೊಂಡು ನನ್ನ ಹತ್ರ ಬಂದ್ರು. "ವಿಂಡೋಸ್ ಏನಾರ ಆಗ್ಲಿ ತಮ್ಮಾ, ಟ್ಯಾಲಿ ಒಂದು ಉಳಿಸಿಕೊಡು, ಸೀಸನ್ ಲೆಕ್ಕ ಎಲ್ಲಾ ಅದ್ರಾಗೇ ಐತಿ" ಅಂದ್ರು. ನನ್ನ ಪ್ರಕಾರ ಕಾಕಾ ಹೇಳಿದ ಆ ಕ್ರಮನೇ ಸರಿ. ಮೊದಲು ಡೇಟಾ, ವಿಂಡೋಸ್ ಆಮೇಲೆ.

ಡೇಟಾ ತೆಗೆಯೋ ದಾರಿ ಬಹಳ ಜನಕ್ಕೆ ಗೊತ್ತಿಲ್ಲ, ಅದಕ್ಕೆ ಇದನ್ನ ಸ್ವಲ್ಪ ಉದ್ದ ಹೇಳ್ತೀನಿ. ವಿಂಡೋಸ್ 10 ಮತ್ತು 11ರಲ್ಲಿ ರಿಕವರಿ ಅಂತ ಒಂದು ಸಣ್ಣ ಬೇರೆ ವ್ಯವಸ್ಥೆ ಡಿಸ್ಕ್‌ನಲ್ಲೇ ಪ್ರತ್ಯೇಕವಾಗಿ ಇರುತ್ತೆ. ಮುಖ್ಯ ವಿಂಡೋಸ್ ಏಳದೇ ಇದ್ರೆ ಅದು ತಾನಾಗೇ ಬರುತ್ತೆ, ಬರದಿದ್ರೆ ಲ್ಯಾಪ್‌ಟಾಪ್ ಆನ್ ಮಾಡಿ ಲೋಗೋ ಬಂದು ಕೆಳಗೆ ಚುಕ್ಕಿಗಳು ಸುತ್ತೋಕೆ ಶುರು ಆದಾಗ ಪವರ್ ಬಟನ್ ಒತ್ತಿಹಿಡಿದು ಆಫ್ ಮಾಡೋದು, ಹಿಂಗೆ ಎರಡು ಮೂರು ಸಲ ಮಾಡಿದ್ರೆ ಆಟೋಮ್ಯಾಟಿಕ್ ರಿಪೇರಿ ಸ್ಕ್ರೀನ್ ಬರುತ್ತೆ, ಅಲ್ಲಿ ಅಡ್ವಾನ್ಸ್ಡ್ ಆಪ್ಷನ್ಸ್, ಅದರೊಳಗೆ ಟ್ರಬಲ್‌ಶೂಟ್, ಅದರೊಳಗೆ ಮತ್ತೆ ಅಡ್ವಾನ್ಸ್ಡ್ ಆಪ್ಷನ್ಸ್, ಅದರೊಳಗೆ ಕಮಾಂಡ್ ಪ್ರಾಂಪ್ಟ್. ಆ ಕಪ್ಪು ಸ್ಕ್ರೀನ್ ನೋಡಿ ಹೆದರ್ಕೋಬೇಡಿ, ಅಲ್ಲಿ ನೋಟ್‌ಪ್ಯಾಡ್ ಅಂತ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ ಎಂಟರ್ ಒತ್ತಿ ಅಷ್ಟೆ. ನೋಟ್‌ಪ್ಯಾಡ್ ತೆರೆಯುತ್ತೆ, ಅದರಲ್ಲಿ ಫೈಲ್, ಓಪನ್ ಒತ್ತಿದ್ರೆ ಬರೋ ಕಿಟಕಿಯಲ್ಲಿ ಕೆಳಗೆ ಆಲ್ ಫೈಲ್ಸ್ ಅಂತ ಆರಿಸ್ಕೊಂಡ್ರೆ ನಿಮ್ಮ ಎಲ್ಲಾ ಡ್ರೈವ್‌ಗಳೂ ಕಾಣ್ತವೆ, ಬೇಕಾದ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ಕಾಪಿ ಮಾಡೋದು, ಪೆನ್‌ಡ್ರೈವ್‌ಗೆ ಹೋಗಿ ಪೇಸ್ಟ್ ಮಾಡೋದು. ಎರಡು ವಿಷಯ ನೆನಪಿಟ್ಕೊಳಿ. ಅಲ್ಲಿ ಡ್ರೈವ್ ಅಕ್ಷರ ಬದಲಾಗಿರಬಹುದು, ನಿಮ್ಮ ಸಿ ಡ್ರೈವ್ ಡಿ ಅಂತಲೋ ಇ ಅಂತಲೋ ಕಾಣಬಹುದು, ಒಳಗೆ ಯೂಸರ್ಸ್ ಫೋಲ್ಡರ್, ಅದರೊಳಗೆ ನಿಮ್ಮ ಯೂಸರ್ ಹೆಸರಿನ ಫೋಲ್ಡರ್ ಇದ್ರೆ ಅದೇ ಅಂತ ತಿಳ್ಕೊಳಿ. ಇನ್ನೊಂದು, ಕಾಪಿ ಆಗ್ತಿರುವಾಗ ಎಷ್ಟಾಯ್ತು ಅಂತ ತೋರಿಸೋ ಪಟ್ಟಿ ಬರಲ್ಲ, ಕಿಟಕಿ ಸತ್ತಂಗೆ ಅಲ್ಲಾಡದೇ ನಿಂತಿರುತ್ತೆ, ಹ್ಯಾಂಗ್ ಆಯ್ತು ಅಂತ ಆಫ್ ಮಾಡ್ಬಿಟ್ರೆ ಅರ್ಧ ಕಾಪಿ ಆಗಿರುತ್ತೆ, ಸುಮ್ನೆ ಕಾಯ್ಬೇಕು.

ಈಗಿನ ಟ್ಯಾಲಿ, ಅಂದ್ರೆ ಟ್ಯಾಲಿಪ್ರೈಮ್, ಅದರ ಡೇಟಾ ಸಾಮಾನ್ಯವಾಗಿ ಸಿ ಡ್ರೈವ್‌ನ ಯೂಸರ್ಸ್ ಒಳಗೆ ಪಬ್ಲಿಕ್ ಅನ್ನೋ ಫೋಲ್ಡರ್‌ನಲ್ಲಿ ಟ್ಯಾಲಿಪ್ರೈಮ್, ಅದರೊಳಗೆ ಡೇಟಾ ಅಂತ ಇರುತ್ತೆ, ಒಳಗೆ ಕಂಪನಿ ಹೆಸರು ಇರಲ್ಲ, ಬರೀ 100000 ಥರದ ನಂಬರ್ ಫೋಲ್ಡರ್‌ಗಳು ಇರ್ತವೆ, ಇದೇನೋ ಬೇಡದ್ದು ಅಂತ ಬಿಟ್ಟುಬಿಡಬೇಡಿ, ಅವೇ ನಿಮ್ಮ ಲೆಕ್ಕ! ಹಾಕಿಸಿದವರು ಬೇರೆ ಜಾಗ ಕೊಟ್ಟಿದ್ರೆ ಡಿ ಡ್ರೈವ್‌ನಲ್ಲೂ ಹುಡುಕಿ. ಕಾಕಾನ ಫೋಲ್ಡರ್ ಸಿಕ್ತು, ಪೆನ್‌ಡ್ರೈವ್‌ಗೆ ಬಂತು, ನನ್ನ ಕಂಪ್ಯೂಟರ್‌ಗೆ ಹಾಕಿ ತೆರೆದು ಅವರ ರೈತರ ಖಾತೆ ಕಂಡಮೇಲೇ ಅವರು ತಂದುಕೊಟ್ಟ ಟೀ ಕುಡಿದಿದ್ದು.

ರಿಕವರಿ ಸ್ಕ್ರೀನೇ ಬರದಿದ್ರೆ ಲಿನಕ್ಸ್ ಇದೆ, ವಿಂಡೋಸ್ ಥರದ್ದೇ ಬಿಟ್ಟಿ ಸಿಗೋ ಇನ್ನೊಂದು ವ್ಯವಸ್ಥೆ. ಬೇರೆ ಕಂಪ್ಯೂಟರ್‌ನಲ್ಲಿ ಉಬುಂಟುನೋ ಲಿನಕ್ಸ್ ಮಿಂಟೋ ಡೌನ್‌ಲೋಡ್ ಮಾಡಿ ರೂಫಸ್ ಅನ್ನೋ ಸಣ್ಣ ಪ್ರೋಗ್ರಾಮ್‌ನಿಂದ ಪೆನ್‌ಡ್ರೈವ್‌ಗೆ ಹಾಕಿ ಅದರಿಂದ ಬೂಟ್ ಮಾಡಿದ್ರೆ, ಅಂದ್ರೆ ಲ್ಯಾಪ್‌ಟಾಪ್ ಆ ಪೆನ್‌ಡ್ರೈವ್‌ನಿಂದಲೇ ಆನ್ ಆಗೋ ಹಂಗೆ ಮಾಡಿದ್ರೆ, ಏನೂ ಇನ್‌ಸ್ಟಾಲ್ ಮಾಡದೇ ಪೆನ್‌ಡ್ರೈವ್ ಮೇಲೇ ಓಡುತ್ತೆ, ಟ್ರೈ ಅನ್ನೋದನ್ನ ಮಾತ್ರ ಆರಿಸ್ಕೋಬೇಕು, ಇನ್‌ಸ್ಟಾಲ್ ಅಲ್ಲ. ಹಳೇ ಡಿಸ್ಕ್ ತೆರೆದು ಫೈಲು ಇನ್ನೊಂದು ಡ್ರೈವ್‌ಗೆ ಕಾಪಿ ಮಾಡ್ಕೊಳೋದು. ಅಲ್ಲೂ ಡಿಸ್ಕೇ ಕಾಣ್ತಿಲ್ಲ ಅಥವಾ ಡಿಸ್ಕ್‌ನಿಂದ ಟಿಕ್ ಟಿಕ್ ಅಂತ ಸದ್ದು ಬರ್ತಿದೆ ಅಂದ್ರೆ ಅಲ್ಲಿಗೆ ನಿಲ್ಲಿಸಿ, ಅದು ವಿಂಡೋಸ್ ಸಮಸ್ಯೆ ಅಲ್ಲ ಹಾರ್ಡ್‌ಡಿಸ್ಕ್ ಸಾಯ್ತಿರೋದು, ಮತ್ತೆ ಮತ್ತೆ ಆನ್ ಮಾಡಿದಷ್ಟೂ ಹಾಳಾಗುತ್ತೆ.

ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಒಂದು ಹೊಸ ತಲೆನೋವು ಬಿಟ್‌ಲಾಕರ್. ಡಿಸ್ಕ್‌ಗೆ ಬೀಗ ಹಾಕಿರುತ್ತೆ, ರಿಕವರಿಗೆ ಹೋದ್ರೆ 48 ಅಂಕಿಯ ಕೀ ಕೇಳುತ್ತೆ. ಮೈಕ್ರೋಸಾಫ್ಟ್ ಅಕೌಂಟ್‌ನಿಂದ ಲಾಗಿನ್ ಆಗಿದ್ರೆ ಆ ಕೀ ಸಾಮಾನ್ಯವಾಗಿ ಆ ಅಕೌಂಟ್‌ನಲ್ಲೇ ಸೇವ್ ಆಗಿರುತ್ತೆ, ಫೋನಿನಲ್ಲಿ ಅದೇ ಅಕೌಂಟ್‌ಗೆ ಲಾಗಿನ್ ಆಗಿ ಡಿವೈಸಸ್ ಅನ್ನೋದರಲ್ಲಿ ನೋಡಬಹುದು. ಆದ್ರೆ ಆ ಅಕೌಂಟ್ ಯಾರ್ದು? ಎಷ್ಟೋ ಮನೆಗಳಲ್ಲಿ ಮೊದಲನೇ ದಿನ ಲ್ಯಾಪ್‌ಟಾಪ್ ಸೆಟ್ ಮಾಡಿಕೊಟ್ಟೋನು ತನ್ನ ಇಮೇಲ್ ಹಾಕಿರ್ತಾನೆ, ಅಥವಾ ಬೆಂಗಳೂರಲ್ಲಿರೋ ಮಗ ಹಾಕಿರ್ತಾನೆ. ಆ ಕೀ ಇಲ್ದಿದ್ರೆ ಡೇಟಾ ಯಾರಿಗೂ ತೆಗೆಯೋಕೆ ಆಗಲ್ಲ, ಎಷ್ಟು ದೊಡ್ಡ ಅಂಗಡಿಗೆ ಹೋದ್ರೂ ಆಗಲ್ಲ. ಇದನ್ನ ಓದ್ತಿರೋರು ಲ್ಯಾಪ್‌ಟಾಪ್ ಚೆನ್ನಾಗಿ ಓಡ್ತಿರುವಾಗಲೇ ಒಂದ್ಸಲ ಅಕೌಂಟ್ ಯಾರ ಹೆಸರಲ್ಲಿದೆ ನೋಡಿ, ಕೀ ಒಂದು ಹಾಳೆ ಮೇಲೆ ಪ್ರಿಂಟ್ ತೆಗೆದು ಇಟ್ಕೊಳಿ.

ಡೇಟಾ ಆಚೆ ಬಂದಮೇಲೆ ವಿಂಡೋಸ್. ಕಾಕಾನದು ಅಪ್‌ಡೇಟ್ ಮಧ್ಯೆ ನಿಂತಿದ್ದು ಆದ್ದರಿಂದ ಮೊದಲು ಅದೇ ರಿಕವರಿಯಲ್ಲಿ ಸ್ಟಾರ್ಟಪ್ ರಿಪೇರಿ, ಆಮೇಲೆ ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್ ನೋಡಿದೆ, ಎರಡೂ ಕೆಲಸ ಮಾಡ್ಲಿಲ್ಲ. ಆಮೇಲೆ ರಿಸೆಟ್ ದಿಸ್ ಪಿಸಿ. ಇದರಲ್ಲಿ ಕೀಪ್ ಮೈ ಫೈಲ್ಸ್ ಅಂದ್ರೆ ನಿಮ್ಮ ಫೋಟೋ, ಡಾಕ್ಯುಮೆಂಟ್ ಉಳಿಯುತ್ತೆ, ಹಾಕಿದ್ದ ಸಾಫ್ಟ್‌ವೇರ್ ಎಲ್ಲಾ ಹೋಗುತ್ತೆ, ರಿಮೂವ್ ಎವೆರಿಥಿಂಗ್ ಅಂದ್ರೆ ಹೆಸರೇ ಹೇಳುತ್ತೆ. ಮುಂದೆ ಲೋಕಲ್ ರಿಇನ್‌ಸ್ಟಾಲೋ ಕ್ಲೌಡ್ ಡೌನ್‌ಲೋಡೋ ಅಂತ ಕೇಳುತ್ತೆ. ಲೋಕಲ್ ಅಂದ್ರೆ ಡಿಸ್ಕ್‌ನಲ್ಲಿರೋ ವಿಂಡೋಸ್ ಫೈಲುಗಳಿಂದಲೇ ಮತ್ತೆ ಕಟ್ಟೋದು, ಆ ಫೈಲುಗಳೇ ಕೆಟ್ಟಿದ್ರೆ ಅರ್ಧಕ್ಕೆ ನಿಂತು ಬದಲಾವಣೆ ಏನೂ ಮಾಡಿಲ್ಲ ಅಂತ ಹೇಳಿ ವಾಪಸ್ ಬರುತ್ತೆ, ಕಾಕಾನದು ಹಂಗೇ ಆಯ್ತು. ಕ್ಲೌಡ್ ಡೌನ್‌ಲೋಡ್ ವಿಂಡೋಸ್ 10ರ 2020ರ ಅಪ್‌ಡೇಟ್‌ನಿಂದ ಬಂದಿದ್ದು, ಮೈಕ್ರೋಸಾಫ್ಟ್‌ನಿಂದ ನೇರ ಹೊಸ ಫೈಲು ಇಳಿಸ್ಕೊಂಡು ಹಾಕುತ್ತೆ, 4 ಜಿಬಿಗಿಂತ ಜಾಸ್ತಿ ನೆಟ್ ಬೇಕಾಗಬಹುದು. ಫೋನ್ ಹಾಟ್‌ಸ್ಪಾಟ್ ಕೊಟ್ಟು ಬಿಟ್ಟೆ, ಸಂಜೆ ಹೊತ್ತಿಗೆ ವಿಂಡೋಸ್ ಎದ್ದು ಕೂತ್ಕೊಳ್ತು. ಈ ಸಲ ಕರೆಂಟ್ ಹೋದ್ರೂ ನಿಲ್ಲದಂಗೆ ಅಂಗಡಿಯ ಯುಪಿಎಸ್‌ಗೆ ಹಾಕಿದ್ದೆ, ಬ್ಯಾಟರಿ ಇಲ್ಲದ ಲ್ಯಾಪ್‌ಟಾಪ್‌ಗೆ ಇದನ್ನ ಮಾಡದೇ ರಿಸೆಟ್ ಒತ್ತಲೇಬೇಡಿ.

ಲ್ಯಾಪ್‌ಟಾಪ್ ಕಂಪನಿಯವರೇ ಇಟ್ಟಿರೋ ರಿಕವರಿ ಪಾರ್ಟಿಷನ್ ಅಂತ ಡಿಸ್ಕ್‌ನಲ್ಲಿ ಬೇರೆ ಮಾಡಿಟ್ಟ ಇನ್ನೊಂದು ಭಾಗ ಇರುತ್ತೆ, ಸಾಮಾನ್ಯವಾಗಿ ಹತ್ತು ಇಪ್ಪತ್ತು ಜಿಬಿ ಇರುತ್ತೆ, ಮೈ ಕಂಪ್ಯೂಟರ್‌ನಲ್ಲಿ ಬಹಳ ಸಲ ಕಾಣಲ್ಲ. ಆನ್ ಮಾಡಿದ ತಕ್ಷಣ ಎಚ್‌ಪಿಯಲ್ಲಿ ಎಫ್11, ಏಸರ್‌ನಲ್ಲಿ ಆಲ್ಟ್ ಜೊತೆ ಎಫ್10, ಏಸುಸ್‌ನಲ್ಲಿ ಎಫ್9, ಲೆನೋವೋದ ಎಷ್ಟೋ ಮಾಡೆಲ್‌ನಲ್ಲಿ ಪಕ್ಕದಲ್ಲಿ ಪಿನ್ ಚುಚ್ಚೋ ಅಷ್ಟು ಸಣ್ಣ ತೂತಿನೊಳಗೆ ನೋವೋ ಬಟನ್. ಇದು ಲ್ಯಾಪ್‌ಟಾಪ್‌ನ ಡಬ್ಬದಿಂದ ತೆಗೆದ ದಿನದ ಸ್ಥಿತಿಗೆ ಒಯ್ಯುತ್ತೆ, ವೈಫೈ, ಸೌಂಡ್ ಇಂಥವನ್ನ ನಡೆಸೋ ಡ್ರೈವರ್ ಪ್ರೋಗ್ರಾಮ್ ಎಲ್ಲಾ ಸರಿ ಕೂರ್ತವೆ, ಆದ್ರೆ ಸಿ ಡ್ರೈವ್ ಪೂರ್ತಿ ಅಳಿಸುತ್ತೆ.

ಎಲ್ಲೂ ಆಗ್ಲಿಲ್ಲ ಅಂದ್ರೆ ಕೊನೇದು ಪೆನ್‌ಡ್ರೈವ್. ಕನಿಷ್ಠ 8 ಜಿಬಿ, ಅದರಲ್ಲಿರೋದೆಲ್ಲಾ ಅಳಿಸಿಹೋಗುತ್ತೆ, ಮೈಕ್ರೋಸಾಫ್ಟ್ ಸೈಟಿನ ಮೀಡಿಯಾ ಕ್ರಿಯೇಷನ್ ಟೂಲ್‌ನಿಂದ ಬಿಟ್ಟಿಯಾಗಿ ಮಾಡ್ಕೋಬಹುದು. ಇಲ್ಲೇ ನನಗೆ ಹೊಟ್ಟೆ ಉರಿಯೋ ವಿಷಯ ಇರೋದು. ವಿಂಡೋಸ್ 7 ಕಾಲದಲ್ಲಿ ಲ್ಯಾಪ್‌ಟಾಪ್ ಅಡಿಗೆ ವಿಂಡೋಸ್ ಅಸಲಿ ಅಂತ ತೋರಿಸೋ ಕೀ (ಬಿಟ್‌ಲಾಕರ್ ಕೀ ಅಲ್ಲ, ಇದು ಬೇರೆ) ಇರೋ ಸ್ಟಿಕ್ಕರ್ ಅಂಟಿಸ್ತಿದ್ರು, ವಿಂಡೋಸ್ 8ರಿಂದ ಈಚೆಗೆ ಆ ಕೀ ಮದರ್‌ಬೋರ್ಡ್‌ನಲ್ಲೇ ಬರ್ದಿರ್ತಾರೆ, ಡಿಸ್ಕ್ ಬದಲಾಯಿಸಿದ್ರೂ ಅದು ಹೋಗಲ್ಲ, ಸರಿಯಾದ ವಿಂಡೋಸ್ ಹಾಕಿ ನೆಟ್‌ಗೆ ಸೇರಿಸಿದ್ರೆ ತಾನೇ ಆಕ್ಟಿವೇಟ್ ಆಗುತ್ತೆ. ನಮ್ಮಲ್ಲಿ ಮಾರಾಟ ಆಗೋ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಇರೋದು ಹೋಮ್ ಸಿಂಗಲ್ ಲ್ಯಾಂಗ್ವೇಜ್ ಅನ್ನೋ ಎಡಿಷನ್. ಫಾರ್ಮ್ಯಾಟ್ ಮಾಡೋರು ಹಾಕೋದು ಪ್ರೊ ಅನ್ನೋ ಬೇರೆ ಎಡಿಷನ್, ಎಲ್ಲಿಂದಲೋ ತಂದಿದ್ದು. ಹೋಮ್‌ನ ಕೀ ಪ್ರೊಗೆ ಆಗಲ್ಲ, ಅದಕ್ಕೇ ಸ್ಕ್ರೀನ್ ಮೂಲೆಯಲ್ಲಿ ಆಕ್ಟಿವೇಟ್ ವಿಂಡೋಸ್ ಅಂತ ಬರೋದು, ಅದನ್ನ ಮುಚ್ಚೋಕೆ ಮತ್ತೆ ಆಕ್ಟಿವೇಟರ್ ಅಂತ ಇನ್ನೊಂದು ಹಾಕ್ತಾರೆ, ಅದಕ್ಕೋಸ್ಕರ ಆ್ಯಂಟಿವೈರಸ್ ಆಫ್ ಮಾಡ್ತಾರೆ. ಅಲ್ಲ, ಲ್ಯಾಪ್‌ಟಾಪ್ ರೇಟಿನಲ್ಲೇ ಅಸಲಿ ವಿಂಡೋಸ್‌ಗೆ ದುಡ್ಡು ಕೊಟ್ಟೋರು, ಒಳಗೆ ಕೀ ಇಟ್ಕೊಂಡು, ಬ್ಯಾಂಕ್ ಕೆಲಸನೂ ಮಾಡೋ ಮಷಿನ್‌ನಲ್ಲಿ ಕದ್ದ ಮಾಲು ಯಾಕೆ ಓಡಿಸ್ಬೇಕು? ರಿಪೇರಿಗೆ ಕೊಟ್ರೂ ಪರವಾಗಿಲ್ಲ, ಎಲ್ಲರೂ ಹಿಂಗೆ ಮಾಡಲ್ಲ, ಆದ್ರೆ ಇದ್ದ ಎಡಿಷನ್ನೇ ಹಾಕ್ರಿ ಅಂತ ಬಾಯಿ ಬಿಟ್ಟು ಕೇಳಿ. ಡಿ ಡ್ರೈವ್ ಮುಟ್ಟಬೇಡ್ರಿ, ರಿಕವರಿ ಪಾರ್ಟಿಷನ್ ಡಿಲೀಟ್ ಮಾಡಬೇಡ್ರಿ ಅಂತನೂ ಹೇಳಿ, ಯಾಕಂದ್ರೆ ಎಲ್ಲಾ ಪಾರ್ಟಿಷನ್ ಅಳಿಸಿ ಹೊಸದಾಗಿ ಶುರು ಮಾಡೋದು ಅವರಿಗೆ ಸುಲಭ, ನಿಮ್ಮ ಮನೆ ಫೋಟೋಗಳು ಇರೋದು ಆ ಡಿ ಡ್ರೈವ್‌ನಲ್ಲಿ.

ನೀವೇ ಹಾಕೋದಾದ್ರೆ ಒಂದು ಕಡೆ ಸಿಕ್ಕಿಹಾಕ್ಕೊಳ್ತೀರ. ಇಂಟೆಲ್ 11ನೇ ಜನರೇಷನ್ ಮತ್ತು ಆಮೇಲಿನ ಎಷ್ಟೋ ಲ್ಯಾಪ್‌ಟಾಪ್‌ನಲ್ಲಿ ಇನ್‌ಸ್ಟಾಲ್ ಮಾಡುವಾಗ ಡಿಸ್ಕೇ ಕಾಣಲ್ಲ, ಡಿಸ್ಕ್ ಹೋಗಿದೆ ಹೊಸದು ಹಾಕ್ಬೇಕು ಅಂದ್ರೆ ತಕ್ಷಣ ನಂಬಬೇಡಿ, ಲ್ಯಾಪ್‌ಟಾಪ್ ಕಂಪನಿ ಸೈಟಿಂದ ಇಂಟೆಲ್ ರ್‍ಯಾಪಿಡ್ ಸ್ಟೋರೇಜ್ ಡ್ರೈವರ್ ಪೆನ್‌ಡ್ರೈವ್‌ಗೆ ಹಾಕ್ಕೊಂಡು ಲೋಡ್ ಡ್ರೈವರ್ ಕೊಟ್ರೆ ಕಾಣುತ್ತೆ. ಇನ್‌ಸ್ಟಾಲ್ ಆದಮೇಲೆ ವೈಫೈ ಬರದಿದ್ರೆ ಫೋನ್‌ನ ಚಾರ್ಜಿಂಗ್ ವೈರ್‌ನಿಂದ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ, ಫೋನಿನ ನೆಟ್ ಲ್ಯಾಪ್‌ಟಾಪ್‌ಗೆ ಬರುತ್ತೆ, ಬಾಕಿ ಡ್ರೈವರ್ ವಿಂಡೋಸ್ ಅಪ್‌ಡೇಟ್ ತಂದುಕೊಳ್ಳುತ್ತೆ.

ಕೊನೇದಾಗಿ ಕನ್ನಡದಲ್ಲಿ ಕೆಲಸ ಮಾಡೋರಿಗೆ ಮಾತ್ರ ಬರೋ ಒಂದು ಗಾಬರಿ. ವಿಂಡೋಸ್ ವಾಪಸ್ ಬಂತು, ಫೈಲುಗಳೂ ಉಳಿದಿವೆ, ಆದ್ರೆ ಹಳೇ ವರ್ಡ್ ಫೈಲ್ ತೆರೆದ್ರೆ ಕನ್ನಡದ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆ ಎಲ್ಲಾ ಕಲಸಿಕೊಂಡಿರುತ್ತೆ. ಕಾಕಾ ಅವರ ಸಂಘದ ನಡಾವಳಿ ತೆರೆದಾಗ ಹಿಂಗೇ ಬಂತು, "ವೈರಸ್ ಬಡೀತೇನೋ ತಮ್ಮಾ" ಅಂದ್ರು. ವೈರಸ್ಸೂ ಅಲ್ಲ, ಫೈಲ್ ಹಾಳೂ ಆಗಿಲ್ಲ, ಅದು ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನ ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿದ್ದು, ರಿಸೆಟ್‌ನಲ್ಲಿ ನುಡಿ ಹೋಗಿದೆ, ಫಾಂಟೂ ಹೋಗಿದೆ. ನುಡಿ ಮತ್ತೆ ಹಾಕಿದ್ರೆ ಅಕ್ಷರ ಎಲ್ಲಾ ಸರಿಯಾಗಿ ಬರ್ತವೆ, ಬರಹ ಅನ್ನೋ ಅಂಥದ್ದೇ ಇನ್ನೊಂದು ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿದ್ದಕ್ಕೆ ಬರಹದ ಫಾಂಟ್ ಬೇಕು. ಯುನಿಕೋಡ್, ಅಂದ್ರೆ ಈಗ ಫೋನು, ನೆಟ್ ಎಲ್ಲಾ ಕಡೆ ನಡೆಯೋ ಕನ್ನಡ, ಅದರಲ್ಲಿ ಟೈಪ್ ಮಾಡಿದ ಫೈಲಿಗೆ ಈ ತೊಂದರೆ ಇಲ್ಲ, ವಿಂಡೋಸ್‌ನಲ್ಲೇ ನಿರ್ಮಲಾ ಫಾಂಟ್ ಇರುತ್ತೆ. ತುಂಗಾ ಫಾಂಟ್ ಬೇಕಿದ್ರೆ ವಿಂಡೋಸ್ 10ರಿಂದ ಅದು ತಾನಾಗಿ ಬರದೇ ಇರಬಹುದು, ಸೆಟ್ಟಿಂಗ್ಸ್‌ನ ಆಪ್ಷನಲ್ ಫೀಚರ್ಸ್‌ನಲ್ಲಿ ಕನ್ನಡದ ಹೆಚ್ಚುವರಿ ಫಾಂಟ್ ಅಂತ ಇದೆ, ಅಲ್ಲಿಂದ ಹಾಕ್ಕೋಬೇಕು. ಇಂಥ ಕಲಸಿದ ಫೈಲ್ ನೋಡಿ ಹಾಳಾಯ್ತು ಅಂತ ಡಿಲೀಟ್ ಮಾಡಿದೋರನ್ನ ನಾನು ನೋಡಿದೀನಿ, ವರ್ಷಗಟ್ಟಲೆ ಕೂತು ಟೈಪ್ ಮಾಡಿದ್ದು, ಹಂಗೆ ಹೋಗಬಾರದು. ನುಡಿ, ಬರಹದ ಸೆಟಪ್ ಫೈಲ್‌ಗಳನ್ನೂ ಬ್ಯಾಕಪ್ ಪೆನ್‌ಡ್ರೈವ್‌ನಲ್ಲೇ ಹಾಕಿಟ್ಕೊಳಿ, ಕಾಕಾನ ಪೆನ್‌ಡ್ರೈವ್‌ನಲ್ಲಿ ಟ್ಯಾಲಿ ಫೋಲ್ಡರ್ ಪಕ್ಕದಲ್ಲೇ ಎರಡನ್ನೂ ಹಾಕಿ ಕೊಟ್ಟೀನಿ.